ಕಾಲುವೆ ಖಾಲಿಯಾದ ಮಧ್ಯಾಹ್ನ

ಮದುವೆಯಾಗಿ ನಲವತ್ತು ವರ್ಷ ತುಂಬುವುದಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಗೊಂತ್ರಾನ್ ಪೆಲ್ತಿಯೆ ಊಟದ ಮೇಜಿನ ಮೇಲೆ ಮುಷ್ಟಿ ಕುಟ್ಟಿ ಘೋಷಿಸಿಬಿಟ್ಟ.

“ಎದ್ವಿಜ್, ಒಂದು ವಾರಕ್ಕೆ ದೋಣಿಮನೆ ಬಾಡಿಗೆಗೆ ಹಿಡಿದಿದ್ದೀನಿ! ಒಸೇರಿನಿಂದ ಹೊರಟು, ದ್ರಾಕ್ಷಿತೋಟಗಳ ಮಧ್ಯೆ ತೇಲ್ಕೊಂಡು, ನಾವು ಮದುವೆಯಾದ ಕ್ಲಾಮ್ಸಿವರೆಗೆ. ಮೂವತ್ತನಾಲ್ಕು ವರ್ಷ ಸ್ಟೇಷನ್ ನಡೆಸಿದವನು ನಾನು. ಒಂದೇ ಒಂದು ರೈಲು ನನ್ನ ದೆಸೆಯಿಂದ ತಡವಾಗಿಲ್ಲ. ಮುದುಕರು ನಡೆದಷ್ಟು ವೇಗದಲ್ಲಿ ಹೋಗೋ ಈ ದೋಣಿ ನನಗೆ ಯಾವ ಲೆಕ್ಕ?”

ಎದ್ವಿಜ್ ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿದ್ದ ಬ್ರೆಡ್ಡನ್ನು ಮುರಿದು ಎರಡು ಮಾಡಿದಳು, ಎರಡನ್ನು ನಾಲ್ಕು ಮಾಡಿದಳು.

“ಆ ದಾರೀಲಿ ಮಾರ್ತ್ ಇದ್ದಾಳೆ,” ಎಂದಳು.

ಮಾರ್ತ್ ಅವಳ ಸ್ವಂತ ಅಕ್ಕ. ಆ ಕಾಲುವೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಹತ್ತುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಲ್ಲಿನ ತೊಟ್ಟಿ; ತೊಟ್ಟಿಗೆ ಮೇಲೊಂದು ಕೆಳಗೊಂದು ಕದ, ಕದದ ಬುಡದಲ್ಲಿ ತೂಬು. ದೋಣಿ ಒಳಗೆ ಬಂದಮೇಲೆ ಕೆಳಗಿನದನ್ನು ಮುಚ್ಚಿ ಮೇಲಿನ ತೂಬು ಬಿಟ್ಟರೆ ತೊಟ್ಟಿ ತುಂಬಿ ದೋಣಿ ಮೇಲೇರುತ್ತದೆ. ಇರಾನ್ಸಿ ಬೆಟ್ಟದ ಕೆಳಗಿನ ತೊಟ್ಟಿಗೆ ಮಾರ್ತ್ ನೀರುಗಂಟಿ. ಅವಳಿಗೆ ಮೊದಲು ಅವಳ ತಾಯಿ ಅದನ್ನು ಕಾದಿದ್ದಳು. ಅಕ್ಕತಂಗಿಯರಿಬ್ಬರೂ ಹುಟ್ಟಿದ್ದು ತೊಟ್ಟಿಯ ಪಕ್ಕದ ಎರಡು ಕೋಣೆಯ ಮನೆಯಲ್ಲೇ.

ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಲಿಯೋನಿನಲ್ಲಿದ್ದ ಎದ್ವಿಜ್ ಬಂದು ತಲುಪಿದ್ದು ಒಂದು ದಿನ ತಡವಾಗಿ. ಮನೆತುಂಬ ಊರವರು. ಕಪ್ಪು ಬಟ್ಟೆ ತೊಟ್ಟಿದ್ದ ಮಾರ್ತ್ ಎಲ್ಲರಿಗೂ ಕೇಳುವಂತೆ, “ಅತಿಥಿಗಳು ಬಂದ್ರು, ಯಾರಾದ್ರೂ ಕುರ್ಚಿ ಕೊಡಿ,” ಎಂದಿದ್ದಳು. ಎದ್ವಿಜ್ ಕೂರಲಿಲ್ಲ. ಮಣ್ಣಾದ ತಕ್ಷಣ ಹೊರಟುಹೋದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಕೂಡ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗಿರಲಿಲ್ಲ.

“ಅಷ್ಟೇ ತಾನೇ?” ಎಂದ ಗೊಂತ್ರಾನ್. “ಅವಳ ನೆರಳೂ ನಿನ್ನ ಮೇಲೆ ಬೀಳದ ಹಾಗೆ ದಾಟಿಸ್ತೀನಿ. ಹನ್ನೆರಡರಿಂದ ಒಂದು ಗಂಟೆವರೆಗೆ ನೀರುಗಂಟಿಗಳು ಊಟಕ್ಕೆ ಕೂತಿರ್ತಾರೆ. ಆಗ ಸ್ವರ್ಗವೇ ಕೆಳಗೆ ಬಿದ್ರೂ ಒಬ್ಬರೂ ಎದ್ದು ಬರಲ್ಲ. ತೂಬು ನಾನೇ ತಿರುಗಿಸ್ತೀನಿ!”

ಎದ್ವಿಜ್ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, “ಸರಿ, ಹೋಗೋಣ,” ಎಂದಳು. ಇಷ್ಟು ಸುಲಭವಾಗಿ ಒಪ್ಪಿದ್ದು ತನ್ನ ಮಾತಿನ ವರಸೆಗೆ ಎಂದು ಗೊಂತ್ರಾನ್ ಬೀಗಿದ.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡು ಹೊಡೆದು ಐದು ನಿಮಿಷಕ್ಕೆ ದೋಣಿ ಆ ತೊಟ್ಟಿಯ ಮುಂದೆ ನಿಂತಿತು. ಬೆಟ್ಟದ ಮೇಲೆ ದ್ರಾಕ್ಷಿ ಕೊಯ್ಯುವವರೂ ಬುಟ್ಟಿ ಇಳಿಸಿ ಊಟಕ್ಕೆ ಕೂತಿದ್ದರು. ನೀರುಗಂಟಿಯ ಮನೆಯಿಂದ ರೇಡಿಯೋ ಕೇಳಿಸುತ್ತಿತ್ತು. ಜೊತೆಗೆ ಸಾಸಿವೆ ಹಾಕಿ ಬೇಯಿಸಿದ ಮೊಲದ ಘಮ. ಚುಕ್ಕಾಣಿ ಹಿಡಿದಿದ್ದ ಎದ್ವಿಜ್ ಆ ಮನೆಯತ್ತ ತಿರುಗಲಿಲ್ಲ. ಆದರೆ ಅವಳ ಮೂಗು ತಿರುಗಿತು. ಅದು ತಾಯಿಯ ಕೈರುಚಿ.

ಗೊಂತ್ರಾನ್ ತುದಿಗಾಲಲ್ಲಿ ಓಡಾಡಿದ. ಕದ ಮುಚ್ಚಿದ, ಮೇಲಿನ ತೂಬು ತಿರುಗಿಸಿದ, ದೋಣಿ ಏರಿತು, ಮೇಲಿನ ಕದ ತೆರೆಯಿತು, ದೋಣಿ ಹೊರಗೆ ಹೋಯಿತು. ಆಹಾ! ಇಲ್ಲಿಗೆ ಅವನು ಸುಮ್ಮನೆ ಹೊರಟುಬಿಟ್ಟಿದ್ದರೆ ಈ ಕತೆಯೇ ಇಲ್ಲ. ಆದರೆ ಹಾಲು ಕುಡಿದ ಬೆಕ್ಕು ಪಾತ್ರೆಯನ್ನೂ ತೊಳೆದಿಡಲು ಹೋಯಿತು. ಮಾರ್ತ್ ತೊಟ್ಟಿಯನ್ನು ಖಾಲಿ ಇಟ್ಟು ಊಟಕ್ಕೆ ಹೋಗಿದ್ದಳು. ತುಂಬಿದ ತೊಟ್ಟಿ ಕಂಡರೆ ಯಾರೋ ದಾಟಿಹೋದದ್ದು ಗೊತ್ತಾಗಿಬಿಡುತ್ತದಲ್ಲ? ಅದಕ್ಕೆಂದೇ ಅವನು ಮೇಲಿನ ಕದ ಮುಚ್ಚಿ, ಕೆಳಗಿನ ತೂಬು ತೆರೆದು, ತೊಟ್ಟಿ ಬರಿದಾಗಲೆಂದು ಬಿಟ್ಟು ಬಂದ. ಮೂವತ್ತನಾಲ್ಕು ವರ್ಷ ಒಂದು ಸಿಗ್ನಲ್ ಮರೆಯದ ಕೈ ಮೇಲಿನ ತೂಬು ಮುಚ್ಚುವುದನ್ನು ಮರೆತಿತ್ತು! ಮೇಲಿನದೂ ತೆರೆದಿದೆ, ಕೆಳಗಿನದೂ ತೆರೆದಿದೆ. ಮೇಲಿನ ಕಾಲುವೆ ಯಾರನ್ನೂ ಕೇಳದೆ ಕೆಳಗಿನ ಕಾಲುವೆಗೆ ಹೊರಟಿತು.

ಮುಂದಿನ ತೊಟ್ಟಿಯವನೂ ಊಟಕ್ಕೆ ಕೂತಿರುತ್ತಾನೆ. ಹಾಗಾಗಿ ಗೊಂತ್ರಾನ್ ತಿರುವು ದಾಟಿ, ಪಾಪ್ಲರ್ ಮರಗಳ ಮರೆಯಲ್ಲಿ ದೋಣಿ ನಿಲ್ಲಿಸಿ, ಮುಂದೊಂದು ಹಿಂದೊಂದು ಹಗ್ಗ ಎಳೆದು, ಹಾಯುವ ಎಮ್ಮೆಯನ್ನು ಕಟ್ಟುವಂತೆ ಬಿಗಿದು ಕಟ್ಟಿದ. ದಂಡೆಗೊಂದು ಹಲಗೆ ಚಾಚಿ, ಛಾವಣಿಯ ಮೇಲೆ ಮೇಜು ಹಾಕಿದ. ಕೆಂಪು ವೈನಿನಲ್ಲಿ ಬೇಯಿಸಿದ ಮೊಟ್ಟೆ ಅವನ ಸ್ವಂತ ಅಡುಗೆ. ಜೊತೆಗೆ ಒಂದು ಬಾಟಲಿ ಇರಾನ್ಸಿ ವೈನು.

“ನೋಡಿದೆಯಾ? ಹೂ ಎತ್ತಿದ ಹಾಗೆ ದಾಟಿಸಿದೆ,” ಎಂದು ಅವನು ಗ್ಲಾಸು ಎತ್ತಿದ.

ಗ್ಲಾಸು ಎತ್ತಿದ್ದಷ್ಟೇ, ಬಾಟಲಿ ತಾನಾಗಿಯೇ ಮೇಜಿನ ಆಚೆ ತುದಿಗೆ ಪ್ರಯಾಣ ಹೊರಟಿತು. ಅದರ ಹಿಂದೆ ಉಪ್ಪಿನ ಡಬ್ಬಿ. ಉಪ್ಪಿನ ಹಿಂದೆ, ಸಾರಿನಲ್ಲಿ ಜಾರುತ್ತಾ, ಒಂದು ಮೊಟ್ಟೆ.

“ಗಾಳಿ,” ಎಂದ ಗೊಂತ್ರಾನ್. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ದಂಡೆಯ ಮೇಲೆ ಗಾಳ ಹಾಕಿ ತೂಕಡಿಸುತ್ತಿದ್ದ ಅನಾತೋಲ್ ಎಂಬ ಮುದುಕ ಎದ್ದು ಬಂದ. ಅವನ ಗಾಳದ ತುದಿ ಕೆಸರಿನಲ್ಲಿ ಬಿದ್ದಿತ್ತು.

“ಸ್ವಾಮಿ, ಕಾಲುವೆ ಎಲ್ಲಾದ್ರೂ ನೋಡಿದ್ರಾ? ಈಗಷ್ಟೇ ಇಲ್ಲೇ ಇತ್ತು.”

ಗೊಂತ್ರಾನ್ ಬಗ್ಗಿ ನೋಡಿದ. ನೀರು ಇರಬೇಕಾದ ಕಡೆ ಹೊಳೆಯುವ ಕರಿ ಕೆಸರು. ಬಾತುಕೋಳಿಗಳು ಸಾಲಾಗಿ ನಡೆದುಕೊಂಡು ಹೋಗುತ್ತಿದ್ದವು. ನೀರು ಇಳಿದರೂ ಹಗ್ಗ ಬಿಡದ ಕಾರಣ ದೋಣಿ ದಂಡೆಗೆ ನೇತುಬಿದ್ದು, ಆಚೆಗೆ ವಾಲಿತ್ತು. ಅವನು ದಂಡೆಗೆ ಹಾರಿದ. ಹಾರಿದ್ದೇ ತಡ, ಮುಂದಿನ ಹಗ್ಗ ಪಟ್ಟೆಂದು ಹರಿಯಿತು.

“ತಡೀರಿ, ಮಾರ್ತ್‌ನ ಕರ್ಕೊಂಡು ಬರ್ತೀನಿ,” ಎಂದು ಅನಾತೋಲ್ ಸೈಕಲ್ ಹತ್ತಿದ.

“ಬೇಡ! ಬೇರೆ ಯಾರಾದ್ರೂ...”

“ಬೇರೆ ಯಾರಿದ್ದಾರೆ ಸ್ವಾಮಿ? ಅವಳೂ ಈ ತಿಂಗಳು ಮುಗಿಯೋವರೆಗೆ ಅಷ್ಟೇ. ಆಮೇಲೆ ನಿವೃತ್ತಿ. ದೂರದ ಬ್ರೆಸ್ತ್‌ನಲ್ಲಿ ಚಿಕ್ಕಪ್ಪನ ಮಗಳ ಮನೆಗೆ ಹೋಗ್ತಾಳಂತೆ. ಈ ಮನೆ ಮುಚ್ಚಿಬಿಡ್ತಾರೆ.”

ಛಾವಣಿಯ ಮೇಲೆ ಓರೆಯಾಗಿ ನಿಂತಿದ್ದ ಎದ್ವಿಜ್ ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಅದೂ ಜಾರಿಹೋಯಿತು.

ಹತ್ತು ನಿಮಿಷದಲ್ಲಿ ಅನಾತೋಲ್ ಜೊತೆ ಮಾರ್ತ್ ಬಂದಳು. ಅರವತ್ತೈದರ ಗಟ್ಟಿ ಹೆಂಗಸು. ಮೊಣಕಾಲುದ್ದದ ರಬ್ಬರ್ ಬೂಟು, ಕೊರಳಿಗೆ ಊಟದ ಕರವಸ್ತ್ರ ಇನ್ನೂ ಸಿಕ್ಕಿಸಿಕೊಂಡೇ ಇತ್ತು.

“ತೂಬು ಮುಚ್ಚಿ ಬಂದೆ,” ಎಂದು ಸೈಕಲನ್ನು ಮರಕ್ಕೆ ಒರಗಿಸಿದಳು. “ಮೂರು ಅಡಿ ನೀರು ಹೋಗಿದೆ. ಕೆಳಗೆ ನನ್ನ ಸೊಪ್ಪಿನ ಪಾತಿ ತೇಲ್ತಾ ಇದೆ, ಕೋಳಿಗಳು ಬೇಲಿ ಮೇಲೆ ಕೂತಿವೆ. ಯಾವನಪ್ಪಾ ಆ ಜಾಣ ಅಂತ...” ಎಂದವಳು ಗೊಂತ್ರಾನನ್ನು ನೋಡಿದಳು. “ಓಹೋ! ಸ್ಟೇಷನ್ ಮಾಸ್ತರು!”

ಆಮೇಲೆ ತಲೆ ಎತ್ತಿದಳು. ಮೇಲೆ ಎದ್ವಿಜ್. ಇಬ್ಬರ ಮುಖದಲ್ಲೂ ಏನೂ ಕದಲಲಿಲ್ಲ. ಬೆಟ್ಟದ ಮೇಲೆ ಯಾರೋ ನಗುತ್ತಿದ್ದರು. ಗೊಂತ್ರಾನ್‌ಗೆ ಕಾಲುವೆಯ ಬದಲು ಭೂಮಿ ಬಾಯಿ ಬಿಡಬಾರದಿತ್ತೇ ಅನಿಸಿತು.

“ಉಳಿದಿರೋ ಹಗ್ಗ ಬಿಚ್ಚಿ, ದಂಡೆಯ ಕಬ್ಬಿಣದ ಕಂಬಕ್ಕೆ ಒಂದು ಸುತ್ತು ಹಾಕಿ ಹಿಡ್ಕೊಳ್ಳಿ,” ಎಂದಳು ಮಾರ್ತ್ ಅವನಿಗೆ. “ನಾನು ಹೇಳಿದಾಗ ಗೇಣು ಗೇಣಾಗಿ ಬಿಡಿ. ಈಗಲೇ ಬಿಟ್ರೆ ದೋಣಿ ಮಗುಚತ್ತೆ. ಮೊದಲು ನಿಮ್ಮ ಹೆಂಡತಿಗೆ ಹೇಳಿ, ಹಲಗೆ ಮೇಲೆ ನಿಧಾನವಾಗಿ ಇಳಿದು ಬರೋಕೆ.”

“ಎದ್ವಿಜ್, ನಿಧಾನವಾಗಿ...”

“ನಿನ್ನ ಅತ್ತಿಗೆಗೆ ಹೇಳು, ಹಲಗೆ ಮೇಲೆ ನಡೆಯೋದು ನಾನೂ ಅದೇ ಮನೇಲಿ ಕಲಿತಿದ್ದು ಅಂತ.”

“ಅತ್ತಿಗೆ, ಅವಳೂ...”

“ಕೇಳಿಸ್ತು. ಆ ಮನೆಗೆ ಬಂದು ಬಹಳ ಕಾಲ ಆಯ್ತಲ್ಲ, ಕಲಿತದ್ದು ಮರೆತಿರಬಹುದು ಅಂತ ಹೇಳಿ.”

ಎರಡು ಮಾರು ದೂರದಲ್ಲಿ ನಿಂತ ಅಕ್ಕತಂಗಿಯರ ನಡುವೆ ಗೊಂತ್ರಾನ್ ತಂತಿ ಆಫೀಸಾಗಿದ್ದ. ಮುಂದಿನ ತಂತಿ ರವಾನೆಯಾಗಲಿಲ್ಲ. ಉತ್ತರ ಕೊಡುವ ಭರದಲ್ಲಿ ಎದ್ವಿಜ್ ಛಾವಣಿಯಿಂದ ಇಳಿದು ಹಲಗೆಯ ಮೇಲೆ ಕಾಲಿಟ್ಟಳು, ಹಲಗೆ ಜಾರಿತು, ಅವಳು ದೋಣಿಗೂ ದಂಡೆಗೂ ನಡುವಿನ ಕೆಸರಿಗೆ ಸೊಂಟದವರೆಗೆ ಇಳಿದಳು.

“ಎದ್ವಿಜ್!” ಎಂದು ಗೊಂತ್ರಾನ್ ಕಿರುಚಿದ. ಹಗ್ಗ ಬಿಡುವಂತಿಲ್ಲ, ಬಿಟ್ಟರೆ ವಾಲಿದ ದೋಣಿ ಹೊರಳಿ ಎಲ್ಲಿಗೆ ಬರುತ್ತದೋ ಬಲ್ಲವರಾರು!

“ಅಲ್ಲಾಡಬೇಡ್ವೇ! ಅಲ್ಲಾಡಿದಷ್ಟೂ ಒಳಗೆ ಹೋಗ್ತೀಯ!” ಇದು ಅವನ ಮೂಲಕ ಹೋದ ಮಾತಲ್ಲ. ಮಾರ್ತ್ ಆಗಲೇ ದಂಡೆ ಇಳಿದಿದ್ದಳು. ಎರಡು ಹೆಜ್ಜೆ ಹಾಕಿ ತಂಗಿಯ ಕಂಕುಳಿಗೆ ಕೈ ಕೊಟ್ಟು ಎಳೆದಳು. ತಂಗಿ ಒಂದು ಗೇಣು ಮೇಲೆ ಬಂದಳು, ಅಕ್ಕ ಎರಡು ಗೇಣು ಕೆಳಗೆ ಹೋದಳು. ಎರಡನೇ ಸಲ ಎಳೆಯುವಾಗ ಮಾರ್ತ್‌ಳ ಬೂಟು ಕೆಸರಿನಲ್ಲೇ ಉಳಿದು, ಅವಳು ಧೊಪ್ಪನೆ ತಂಗಿಯ ಪಕ್ಕದಲ್ಲೇ ಕೂತುಬಿಟ್ಟಳು.

ಅನಾತೋಲ್ ಏಣಿ ತರಲು ಹೋದ. ಇಬ್ಬರೂ ಏದುಸಿರು ಬಿಡುತ್ತಾ ಕೂತರು.

“ಕಾಲುವೆ ಬರಿದು ಮಾಡಿ ಹೂಳು ಎತ್ತುವಾಗ ಅಮ್ಮ ನಮ್ಮನ್ನ ಹೀಗೇ ಇಳಿಸ್ತಿದ್ಲು,” ಎಂದಳು ಎದ್ವಿಜ್, ಯಾರಿಗೂ ಹೇಳದವಳಂತೆ. “ಸೀಗಡಿ ಹಿಡಿಯೋಕೆ.”

“ಹಿಡೀತಿದ್ದದ್ದು ನೀನು. ನಾನು ಬುಟ್ಟಿ ಹೊರ್ತಿದ್ದೆ.”

ಎದ್ವಿಜ್ ಕೈಯ ಕೆಸರನ್ನು ನೋಡಿಕೊಂಡಳು. “ನೀನು ಫೋನ್ ಮಾಡಿದ ಗಳಿಗೆಗೇ ಹೊರಟೆ, ಮಾರ್ತ್. ಕೋಟು ಕೂಡ ಹಾಕ್ಕೊಳ್ಳಲಿಲ್ಲ. ಒಂದು ನಿಮಿಷವೂ ತಡ ಮಾಡ್ಲಿಲ್ಲ ನಾನು.”

ಮಾರ್ತ್ ಕೊರಳ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡಳು. ಕೆಸರು ಇನ್ನಷ್ಟು ಹರಡಿತು.

“ಗೊತ್ತು,” ಎಂದಳು. “ತಡ ಮಾಡಿದ್ದು ನಾನು. ಅಮ್ಮ ಮೂರು ದಿನ ನಿನ್ನ ಕೇಳಿದ್ಲು. ‘ಎದ್ವಿಜ್ ಬಂದ್ಲಾ? ಎದ್ವಿಜ್ ಬಂದ್ಲಾ?’ ಎರಡು ವರ್ಷ ಮೈ ತೊಳೆದಿದ್ದು ನಾನು, ಉಣಿಸಿದ್ದು ನಾನು. ಕೊನೆಗೆ ಬಾಯಲ್ಲಿ ಬರೋದು ನಿನ್ನ ಹೆಸರಾ ಅಂತ ಹೊಟ್ಟೆ ಉರೀತು. ಫೋನ್ ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ. ನಾಳೆ ನಾಳೆ ಅಂತಲೇ... ಮೂರನೇ ದಿನ ರಾತ್ರಿ ಮಾಡಿದೆ. ನಾಲ್ಕನೇ ದಿನ ಅಮ್ಮ ಇರ್ಲಿಲ್ಲ.” ಅವಳ ದನಿ ಸಣ್ಣದಾಯಿತು. “ನೀನು ಬಾಗಿಲಲ್ಲಿ ನಿಂತಾಗ, ಯಾಕೆ ಮೊದಲೇ ಹೇಳಲಿಲ್ಲ ಅಂತ ಎಲ್ಲರೆದುರಿಗೆ ಕೇಳಿಬಿಡ್ತೀಯ ಅಂತ ಭಯ ಆಯ್ತು. ನೀನು ಬಾಯಿ ತೆರೆಯೋ ಮುಂಚೆ ನಾನೇ ಕಚ್ಚಿಬಿಟ್ಟೆ.”

ಹಗ್ಗ ಹಿಡಿದ ಗೊಂತ್ರಾನ್‌ನ ಅಂಗೈ ಉರಿಯುತ್ತಿತ್ತು. ಈ ಮಾತು ತಾನು ಕೇಳಬಾರದ ಮಾತು ಎಂದು ಅವನಿಗೆ ಗೊತ್ತು. ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈ ಎರಡೂ ಹಗ್ಗದಲ್ಲಿವೆ. ಹೆಂಡತಿ ಹನ್ನೊಂದು ವರ್ಷದಲ್ಲಿ ಅದೆಷ್ಟು ಸಲ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, “ನಾನು ತಡ ಮಾಡಿದೆ,” ಎಂದು ಅತ್ತಿದ್ದಳು! ಅವನು ಆಗೆಲ್ಲ ಏನು ಮಾಡಿದ್ದ? ಆ ದಿನದ ರೈಲುಗಳ ವೇಳಾಪಟ್ಟಿ ತೆಗೆದು, ಅದಕ್ಕಿಂತ ಮುಂಚಿನ ಗಾಡಿಯೇ ಇರಲಿಲ್ಲವೆಂದು ಸಾಬೀತು ಮಾಡಿದ್ದ.

“ಹನ್ನೊಂದು ವರ್ಷ, ಅಕ್ಕ,” ಎಂದಳು ಎದ್ವಿಜ್.

“ಹ್ಞೂಂ.”

“ಹನ್ನೊಂದು ವರ್ಷ ನಾನು ನನ್ನನ್ನೇ ಬೈಕೊಂಡೆ.”

“ಈಗ ನನ್ನ ಬೈಯಿ.”

ಎದ್ವಿಜ್ ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ತೋಳನ್ನು ಭುಜದವರೆಗೆ ಕೆಸರಿಗೆ ತೂರಿಸಿ, ತಡಕಾಡಿ, ಹಲ್ಲು ಕಚ್ಚಿ ಎಳೆದು ಅಕ್ಕನ ಬೂಟನ್ನು ಹೊರತೆಗೆದಳು. ತಲೆಕೆಳಗು ಮಾಡಿದಳು. ಒಳಗಿನ ಕೆಸರು ಬಳಬಳ ಸುರಿಯಿತು. ಅದನ್ನು ಅಕ್ಕನ ಮಡಿಲಲ್ಲಿಟ್ಟಳು. ಮಾರ್ತ್ ಆ ಬೂಟನ್ನು ಎದೆಗವಚಿಕೊಂಡು ಅಳಲು ಶುರುಮಾಡಿದಳು.

“ಅತ್ತಿಗೆ,” ಎಂದ ಗೊಂತ್ರಾನ್ ಮೆಲ್ಲಗೆ, “ಹಗ್ಗ ಈಗ ಬಿಡಬಹುದಾ?”

“ಸುಮ್ಮನಿರು!” ಎಂದರು ಇಬ್ಬರೂ ಒಂದೇ ದನಿಯಲ್ಲಿ.

ಏಣಿ ಬಂತು, ಹೆಂಗಸರು ಮೇಲೆ ಬಂದರು, ಮಾರ್ತ್‌ಳ ಅಪ್ಪಣೆಯಂತೆ ಗೇಣು ಗೇಣಾಗಿ ಹಗ್ಗ ಬಿಟ್ಟು ದೋಣಿಯನ್ನು ಕೆಸರಿನ ಮೇಲೆ ನೆಟ್ಟಗೆ ಕೂರಿಸಿದ್ದಾಯಿತು. ಮೇಲಿನ ತೊಟ್ಟಿಯವನು ನಿಧಾನವಾಗಿ ನೀರು ಬಿಟ್ಟ. ಕಾಲುವೆ ತುಂಬುವುದಕ್ಕೆ ನಾಳೆ ಬೆಳಿಗ್ಗೆಯಾಗಬೇಕು ಎಂದ. ಆ ಸಂಜೆ ಗೊಂತ್ರಾನ್ ಸೊಪ್ಪಿನ ಪಾತಿಯ ನೀರು ಬಸಿದ, ಕೋಳಿಗಳನ್ನು ಒಂದೊಂದಾಗಿ ಬೇಲಿಯಿಂದ ಇಳಿಸಿದ. ಒಳಗೆ ಅಕ್ಕತಂಗಿ ಮೊಲದ ಸಾರು ಬಿಸಿಮಾಡುತ್ತಾ, ಸಾಸಿವೆ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಜಗಳವಾಡುತ್ತಿದ್ದರು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಕಿಟಕಿಯಾಚೆ ನೀರು ಮಿನುಗುತ್ತಿತ್ತು. ಮಾರ್ತ್ ಕಾಲುವೆ ಕಚೇರಿಗೆ ಕಳಿಸಬೇಕಾದ ವರದಿಯ ಕಾಗದ ತಂದು ಮೇಜಿನ ಮೇಲಿಟ್ಟಳು. ಗೊಂತ್ರಾನ್ ಎದ್ದು ನಿಂತ. ಮುಚ್ಚಿಡಲು ಹೋಗಿ ಆದ ಅನಾಹುತ ಸಾಕು. ಇನ್ನಾದರೂ ನೇರ ನಡೆಯಬೇಕು ಎಂದು ಅವನು ಇಡೀ ರಾತ್ರಿ ಯೋಚಿಸಿದ್ದ.

“ಬರೀರಿ ಅತ್ತಿಗೆ. ಕಾರಣ: ಗೊಂತ್ರಾನ್ ಪೆಲ್ತಿಯೆಯ ಅಜಾಗರೂಕತೆ. ಸಂಪೂರ್ಣ ಹೊಣೆ ನನ್ನದೊಬ್ಬನದೇ.”

“ನಿಲ್ಲು,” ಎಂದಳು ಎದ್ವಿಜ್ ಕಾಫಿ ಬಟ್ಟಲಿನೊಳಗೆ ನೋಡುತ್ತಾ. “ತೂಬು ತೆರೆದೇ ಇರೋದು ನನಗೆ ಗೊತ್ತಿತ್ತು.”

“ಏನು?”

“ನೀರುಗಂಟಿಯ ಮಗಳು ನಾನು. ತೊಟ್ಟಿಲಲ್ಲಿ ಮಲಗಿದ್ದಾಗಿಂದ ಆ ಸದ್ದು ಕೇಳಿದ್ದೀನಿ. ನೀನು ಮೊಟ್ಟೆ ಬಡಿಸೋ ಮೊದಲೇ ಕೇಳಿಸ್ತು.”

“ಮತ್ತೆ ಹೇಳಬಾರದಾ, ಮಹರಾಯ್ತಿ!”

“ಇವಳು ಹೊರಟುಹೋಗ್ತಾಳೆ ಅಂತ, ನೀನು ದೋಣಿ ಮಾತು ಎತ್ತೋ ಮೊದಲೇ ನಮ್ಮ ಒಸೇರಿನ ಸಂತೇಲಿ ಕೇಳಿದ್ದೆ. ಬಂದು ಬಾಗಿಲು ತಟ್ಟೋ ಧೈರ್ಯ ಮಾತ್ರ ಬರಲಿಲ್ಲ. ನೀರು ಹೋದ್ರೆ ಹೋಗ್ಲಿ, ದೋಣಿ ನಿಲ್ಲತ್ತೆ, ಇವಳೇ ಬರ್ತಾಳೆ ಅಂತ ಸುಮ್ಮನಾದೆ.”

ಮಾರ್ತ್ ತಂಗಿಯನ್ನು ನೋಡಿದಳು, ಕಾಗದವನ್ನು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಕಾರಣದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಮನೆಮಂದಿಯ ವಿಷಯ.’

ಗೊಂತ್ರಾನ್ ಬಗ್ಗಿ ಓದಿದ. “ನನ್ನ ಹೆಸರು ಎಲ್ಲಿ?”

“ನಿನ್ನ ಹೆಸರು ಯಾಕೆ?” ಎಂದಳು ಮಾರ್ತ್, ಅವನ ಮುಂದೆ ಬ್ರೆಡ್ಡಿನ ತಟ್ಟೆ ತಳ್ಳುತ್ತಾ. “ನೀನು ಬರೀ ಹಿಡಿಕೆ ತಿರುಗಿಸಿದವನು.”