ಟಿಕೆಟ್ಟಿನ ಬೆನ್ನ ಮೇಲಿನ ಸಣ್ಣಕ್ಷರ

ಓದದೆ ಹತ್ತುವ ಜನ, ಹತ್ತಿದ ಮೇಲೆ ಓದಿಸುವ ಮಾಲೀಕ. ಇವರು ಒಂದೇ ಬಸ್ಸಿನಲ್ಲಿ ಇರುವ ತನಕ ನಗುವ ಸಂಗತಿಗಳಿಗೆ ಬರ ಬರುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಹೊನ್ನಾಳಿ–ನ್ಯಾಮತಿ ಬಸ್ಸಿನಲ್ಲಿ ಟಿಕೆಟ್ಟು ಹರಿಯುತ್ತಿದ್ದೆ. ಬೆಳಿಗ್ಗೆ ಆಂಜನೇಯನಿಗೆ ಕೈಮುಗಿದು, ಬಸ್ಸಿನ ಮೂತಿಗೆ ಕುಂಕುಮ ಇಟ್ಟರೆ ಮುಂದಿನದೆಲ್ಲ ಅವನಿಗೆ ಬಿಟ್ಟದ್ದು. ನಮ್ಮ ಮಾಲೀಕರು ಮಾತ್ರ ದೇವರಿಗೆ ಏನನ್ನೂ ಬಿಡುತ್ತಿರಲಿಲ್ಲ. ಪ್ರಯಾಣಿಕರ ಜತೆ ಜಗಳವಾದಾಗಲೆಲ್ಲ ಟಿಕೆಟ್ಟಿನ ಹಿಂದೆ ಇನ್ನೊಂದು ಷರತ್ತು ಅಚ್ಚು ಹಾಕಿಸುತ್ತಿದ್ದರು. ಟಿಕೆಟ್ಟು ದೊಡ್ಡದಾಗಲಿಲ್ಲ, ಅಕ್ಷರ ಸಣ್ಣದಾಗುತ್ತ ಹೋಯಿತು. ಆ ವರ್ಷ ಪರ್ಮಿಟ್ಟು ಹೊಸದು ಮಾಡಿಸಬೇಕಿತ್ತು. ಅದು ತಪ್ಪಿದರೆ ಬಸ್ಸೂ ಇಲ್ಲ, ನನ್ನ ಮನೆಯಲ್ಲಿ ಒಲೆಯೂ ಉರಿಯುವುದಿಲ್ಲ.

ಎಳ್ಳುಕಾಳು

ಜಗಳೂರಿನಿಂದ ಬಂದಿದ್ದ ಗೌಡರೊಬ್ಬರು ಬೆಳಿಗ್ಗೆಯಿಂದ ಬಸ್ಸಿನಲ್ಲೇ ಕೂತಿದ್ದರು. ಬಿಸಿಲು ನೆತ್ತಿಗೆ ಬಂದರೂ ಬಸ್ಸು ಹೊರಡಲಿಲ್ಲ.

"ಯಾವಾಗ್ರೀ ಹೊರಡೋದು?"

ಮಾಲೀಕರು ಅವರ ಕೈಯಲ್ಲಿದ್ದ ಟಿಕೆಟ್ಟನ್ನು ತಿರುಗಿಸಿ ತೋರಿಸಿದರು. "ಹೊತ್ತಿಗೆ ಕಂಪನಿ ಜವಾಬ್ದಾರಿಯಲ್ಲ ಅಂತ ಬರದೈತೆ ನೋಡ್ರಿ."

"ಈ ಎಳ್ಳುಕಾಳಿನಂಥ ಅಕ್ಷರ ಹೆಂಗ್ರೀ ಓದಾಕೆ ಆಗ್ತೈತೆ?"

ಗೌಡರು ಬೀಡಿ ಹಚ್ಚಲು ಆಚೆ ಹೋದ ಮೇಲೆ ಮಾಲೀಕರು ನನ್ನ ಕಿವಿಯಲ್ಲಿ ಹೇಳಿದರು: "ಓದಾಕೆ ಆಗದಂಗೆ ಮಾಡ್ಸಾಕೆ ಅಚ್ಚುಕೂಟದವನ ಹತ್ರ ಎಷ್ಟು ಒದ್ದಾಡೀನಿ, ಇವರಿಗೇನು ಗೊತ್ತು."

ಅಜ್ಜಿ ಓದಿಸಿದ್ದು

ಬಸವಾಪಟ್ಟಣದ ಕಡೆಯ ಒಬ್ಬ ಅಜ್ಜಿ ಮಗಳ ಮನೆಗೆಂದು ನ್ಯಾಮತಿಗೆ ಹೋಗಿಬಂದು ಮಾಡುತ್ತಿದ್ದರು. ಅವರಿಗೆ ಓದು ಬಾರದು. ಒಂದು ದಿನ ಸೀಟಿನಲ್ಲಿ ಕೂತು ಟಿಕೆಟ್ಟನ್ನು ನನ್ನ ಮುಂದೆ ಹಿಡಿದರು.

"ಇದರ ಬೆನ್ನಾಗೆ ಏನೈತೆ, ಓದಪ್ಪ."

ಸಾಮಾನು ಕಳೆದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಓದಿದೆ. ಬಸ್ಸಿನ ಹಿಂದಿನ ಇದ್ದಲ ಒಲೆಯ ಮಸಿ ಬಟ್ಟೆಗೆ ಹತ್ತಿದರೆ ಜವಾಬ್ದಾರಿಯಲ್ಲ. ಊರು ತಲುಪದಿದ್ದರೆ ಜವಾಬ್ದಾರಿಯಲ್ಲ.

"ಹಂಗಾರೆ ಯಾವುದಕ್ಕಪ್ಪ ಜವಾಬ್ದಾರಿ?"

"ನೀವು ಕೊಟ್ಟ ದುಡ್ಡಿಗೆ ಅಜ್ಜಿ. ಅದು ಭದ್ರವಾಗಿರ್ತೈತೆ."

ಮುಂದಿನ ಸೀಟಿನಿಂದ ಮಾಲೀಕರು ಕತ್ತು ತಿರುಗಿಸಿದರು. "ಹತ್ತಿದ ಮೇಲೆ ಓದ್ಸೋದಲ್ಲ ಅಜ್ಜಿ. ಓದ್ಸಿಕೊಂಡು ಹತ್ಬೇಕು."

ಅಜ್ಜಿ ಟಿಕೆಟ್ಟನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಮಾತನ್ನೂ ಅಲ್ಲೇ ಇಟ್ಟುಕೊಂಡರೆಂದು ಆಮೇಲೆ ತಿಳಿಯಿತು.

ವಕೀಲರ ಒಂದು ಕಾಲು

ಪೆಟ್ರೋಲು ಸಿಗದ ದಿನಗಳು. ಬಸ್ಸಿನ ಬೆನ್ನಿಗೆ ಇದ್ದಲ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದೆವು. ನಿಂತರೆ ನೂಕದೆ ಹೊರಡುತ್ತಿರಲಿಲ್ಲ. ಅದಕ್ಕೂ ಒಂದು ಷರತ್ತು: "ಟಿಕೆಟ್ಟು ಪಡೆದವರು ಇಳಿದು ನೂಕತಕ್ಕದ್ದು. ಹೊರಟ ಬಸ್ಸನ್ನು ಯಾರಿಗಾಗಿಯೂ ನಿಲ್ಲಿಸಲಾಗದು, ಓಡಿ ಹತ್ತತಕ್ಕದ್ದು."

ಚನ್ನಗಿರಿಯ ವಕೀಲರೊಬ್ಬರು ಜರಿಪಂಚೆ ಉಟ್ಟು ಬಂದಿದ್ದರು. ನೂಕುವುದಿಲ್ಲ, ಇದನ್ನು ತಾನು ಓದೇ ಇಲ್ಲ ಎಂದರು.

"ವಕೀಲರೇ ಓದದೆ ಹತ್ತಿದ್ರೆ ಬಡವರ ಗತಿ ಏನು ಸ್ವಾಮಿ?" ಎಂದರು ಮಾಲೀಕರು.

ವಕೀಲರು ಪಂಚೆ ಎತ್ತಿ ಕಟ್ಟಿ ನೂಕಿದರು. ಬಸ್ಸು ಹೊರಟಿತು, ಅವರು ಹಿಂದೆ ಉಳಿದರು. ನಮ್ಮ ಡ್ರೈವರ್ ಸಾಬರು ಮರುಗಿ ನಿಲ್ಲಿಸಿದರು. ನಿಂತ ಬಸ್ಸು ನಿಂತೇ ಬಿಟ್ಟಿತು.

"ಇನ್ನೊಂದ್ಸಲ ನಮ್ಮಪ್ಪ ಬಂದ್ರೂ ನಿಲ್ಲಿಸ್ಬ್ಯಾಡ," ಎಂದು ಮಾಲೀಕರು ಸಾಬರನ್ನು ಗದರಿದರು. "ಷರತ್ತು ಅಂದ್ರೆ ಷರತ್ತು."

ಎರಡನೇ ಸಲ ಎಲ್ಲರೂ ನೂಕುವಾಗ ವಕೀಲರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಕೇಳಿದ್ದಕ್ಕೆ ಅಂದರು: "ಮೊದಲನೇ ಭಾಗ ಆಗಲೇ ಪಾಲಿಸಾಯ್ತಲ್ಲ. ಈಗ ಎರಡನೇ ಭಾಗ ಪಾಲಿಸ್ತಾ ಇದ್ದೀನಿ."

ಹರಕೆ

ಪರ್ಮಿಟ್ಟಿನ ಅಧಿಕಾರಿ ಹೊನ್ನಾಳಿಗೆ ಬರುವ ದಿನ ಗೊತ್ತಾಯಿತು. ಬಸ್ಸೂ ಮಾಲೀಕರೂ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಹಾಜರಿರಬೇಕು, ಇಲ್ಲದಿದ್ದರೆ ಪರ್ಮಿಟ್ಟು ಇನ್ನೊಬ್ಬರ ಪಾಲು. ಹೆದರಿದ ಮಾಲೀಕರು ಹರಕೆ ಹೊತ್ತರು. ನ್ಯಾಮತಿ ಆಚೆಯ ಗುಡ್ಡದ ಸ್ವಾಮಿಯ ಬಳಿಗೆ ಭಕ್ತರನ್ನು ಬಿಟ್ಟಿ ಕರೆದುಕೊಂಡು ಹೋಗುತ್ತೇನೆ ಎಂದು. ಅಧಿಕಾರಿ ಬರುವ ಹಿಂದಿನ ದಿನವೇ ಬಸ್ಸು ತುಂಬ ಜನ. ನನಗೆ ಕಣ್ಣು ತುಂಬಿ ಬಂತು.

ದರ್ಶನ ಮುಗಿಸಿ ಗುಡ್ಡ ಇಳಿದು ಬಂದಾಗ ಮಾಲೀಕರು ಬಾಗಿಲಲ್ಲಿ ಅಡ್ಡ ನಿಂತಿದ್ದರು. ವಾಪಸು ಬರಲು ದುಡ್ಡು ಕೊಡಬೇಕಂತೆ. ಬಿಟ್ಟಿ ಟಿಕೆಟ್ಟಿನ ಹಿಂದೆ ಎಳ್ಳುಕಾಳಿನಲ್ಲಿ ಅಚ್ಚಾಗಿತ್ತು: ಹೋಗುವುದಕ್ಕೆ ಮಾತ್ರ.

"ದೇವರಿಗೆ ಕೊಟ್ಟ ಮಾತು, ಯಜಮಾನ್ರೆ," ಎಂದೆ.

"ಕರ್ಕೊಂಡು ಹೋಗ್ತೀನಿ ಅಂದಿದ್ದೆ, ತಂದೀನಿ. ವಾಪಸ್ ಬಿಡ್ತೀನಿ ಅಂತ ಸ್ವಾಮಿಗೆ ಹೇಳಿದ್ನಾ?"

ಜನ ಗೊಣಗುತ್ತ ಸೊಂಟದ ಚೀಲಕ್ಕೆ ಕೈ ಹಾಕಿದರು. ಬಸವಾಪಟ್ಟಣದ ಅಜ್ಜಿ ತಡೆದರು. "ತಡೀರಿ. ಆ ನೂಕೋದು ಓದಪ್ಪ."

ಓದಿದೆ. ಟಿಕೆಟ್ಟು ಪಡೆದವರು ಇಳಿದು ನೂಕತಕ್ಕದ್ದು.

"ನಮ್ಮ ಟಿಕೆಟ್ಟು ಇಲ್ಲಿಗೆ ತೀರ್ತು. ನಾವ್ಯಾಕೆ ನೂಕ್ಬೇಕು? ಇಲ್ಲೇ ಮಲಗಿ ನಾಳೆ ನಡ್ಕೊಂಡು ಹೋಗಾನ. ಅವಸರ ಇರೋರು ನೂಕ್ಕೊಳ್ಲಿ."

ಎಲ್ಲರೂ ಕಲ್ಲುಮಂಟಪದಲ್ಲಿ ಕೂತು ಭಜನೆ ಸುರು ಮಾಡಿದರು. ಮಾಲೀಕರೂ ನಾನೂ ನೂಕಿದೆವು. ನಾವು ಬೆವೆತೆವೇ ಹೊರತು ಚಕ್ರ ಅಲುಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಗೆ ಮಾಲೀಕರು ಮಂಟಪದ ಮುಂದೆ ಕೈಮುಗಿದರು.

"ವಾಪಸೂ ಬಿಟ್ಟಿ, ತಾಯಿ. ಏಳ್ರಿ."

"ಟಿಕೆಟ್ಟು ಕೊಡ್ಸಪ್ಪ, ಬಾಯಿಮಾತು ಬ್ಯಾಡ," ಎಂದರು ಅಜ್ಜಿ.

ಎಲ್ಲರಿಗೂ ಹರಿದು ಕೊಟ್ಟೆ. ಜನರ ಮನಸ್ಸು ತಿಳಿಯಾಗಲೆಂದು ಮಾಲೀಕರು, "ನಾನೂ ಸ್ವಾಮಿ ಭಕ್ತನೇ, ನನಗೂ ಒಂದು ಕೊಡು" ಎಂದು ಇಸಿದುಕೊಂಡರು. ಟಿಕೆಟ್ಟು ಪಡೆದ ಮೇಲೆ ನೂಕಲೇಬೇಕಲ್ಲ, ಅವರೂ ಹೆಗಲು ಕೊಟ್ಟರು. ಅಜ್ಜಿಯನ್ನು ಮೊದಲೇ ಹತ್ತಿಸಿ ಕೂರಿಸಿದ್ದೆವು.

ಬಸ್ಸು ಕೆಮ್ಮಿ ಹೊರಟಿತು. ಜನ ಓಡಿ ಹತ್ತಿದರು, ನಾನೂ ಹತ್ತಿದೆ. ಮಾಲೀಕರ ದೇಹ ಭಾರ. ಒಲೆಯ ಹೊಗೆಯಲ್ಲಿ ಕೂಗುತ್ತ ಓಡಿ ಬರುತ್ತಿದ್ದರು.

"ಸಾಬರೆ, ಯಜಮಾನ್ರು," ಎಂದೆ.

"ಅವರಪ್ಪ ಬಂದ್ರೂ ನಿಲ್ಲಿಸ್ಬ್ಯಾಡ ಅಂದಾರೆ. ಇವರು ಬರೀ ಮಗ," ಎಂದು ಸಾಬರು ದಾರಿ ನೋಡುತ್ತಲೇ ಹೇಳಿದರು.

ಅಜ್ಜಿ ಕಿಟಕಿಯಿಂದ ತಲೆ ಹಾಕಿ ಅಕ್ಕರೆಯಿಂದ ಕೂಗಿದರು: "ಓದ್ಸಿಕೊಂಡು ನೂಕ್ಬೇಕಿತ್ತು ಕಣಪ್ಪ."

ಬೆಳಿಗ್ಗೆ ಅಧಿಕಾರಿ ಬಂದು ಬಸ್ಸಿನ ಸುತ್ತ ಎರಡು ಸುತ್ತು ಹಾಕಿದರು. ಮಾಲೀಕರೆಲ್ಲಿ ಎಂದು ಕೇಳಿದರು. ನಾನು ಆಂಜನೇಯನನ್ನು ನೆನೆಯುತ್ತಿದ್ದೆ. ಅಷ್ಟರಲ್ಲಿ ಹುಲ್ಲಿನ ಗಾಡಿಯೊಂದು ಬಂದು ನಿಂತಿತು. ತಲೆಯ ತುಂಬ ಹುಲ್ಲೆಸಳು ಸಿಕ್ಕಿಸಿಕೊಂಡು ನಮ್ಮ ಮಾಲೀಕರು ಇಳಿದರು.

"ಬಸ್ಸು ಷರತ್ತಿನ ಪ್ರಕಾರ ನಡೆಯುತ್ತಿದೆಯೋ?" ಅಧಿಕಾರಿ ಕೇಳಿದರು.

"ಚಾಚೂ ತಪ್ಪಂಗಿಲ್ಲ ಸ್ವಾಮಿ," ಎಂದರು ಮಾಲೀಕರು. "ನಿನ್ನೆ ಹಿಂದಿನಿಂದ ನಾನೇ ಕಣ್ಣಾರೆ ನೋಡೀನಿ."