ಅವರಿಗೆ ಮೆಕ್ಸಿಕೋ, ನನಗೆ ತುಳಸಿ

ಹೊಟ್ಟೆಕಿಚ್ಚಿಗೆ ಮಾನ ಮರ್ಯಾದೆ ಇಲ್ಲ. ಅದು ದೇವರ ಮುಂದೆಯೂ ಚಪ್ಪಲಿ ಕಳಚದೆ ಬಂದು ಕೂರುತ್ತದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಕಣ್ಣು ಮುಚ್ಚಿ, ದೇವರು ಕೊಟ್ಟಿದ್ದನ್ನೆಲ್ಲ ನೆನೆಸಿಕೊಳ್ಳುವುದು ನನಗೆ ಮದುವೆಗೆ ಮುಂಚಿನಿಂದಲೂ ಅಭ್ಯಾಸ. ಡಬ್ಲಿನ್ನಿನ ಈ ಕ್ಲಾಂಡಾಲ್ಕಿನ್‌ಗೆ ಬಂದ ಮೇಲೆ ನೆನೆಸಿಕೊಳ್ಳುವ ಸಂಗತಿಗಳು ಬದಲಾಗಿವೆ, ಅಷ್ಟೆ. ಬಾಯ್ಲರ್ ಕೆಟ್ಟಿಲ್ಲ, ದೇವರು ದೊಡ್ಡವನು. ಬಾಯ್ಲರಿನ ಮೇಲಿನ ಕಪಾಟೇ ನಮ್ಮ ದೇವರ ಮನೆಯಾದ್ದರಿಂದ ದೇವರಿಗೂ ಚಳಿಯಿಲ್ಲ. ಒಡೆದ ತೆಂಗಿನಕಾಯಿ ಈ ವಾರ ಕೊಳೆತಿರಲಿಲ್ಲ. ಮನೆಯವರಿಗೆ ಜ್ವರ ಬಂದರೂ ಕೊರೋನಾ ಟೆಸ್ಟಿನಲ್ಲಿ ಒಂದೇ ಗೆರೆ ಬಂತು. ಇಂಥವನ್ನೆಲ್ಲ ಒಂದೊಂದಾಗಿ ನೆನೆದು ಕೈಮುಗಿದರೆ ಮನಸ್ಸು ತಿಳಿಯಾಗುತ್ತದೆ. ಆದರೆ ಆ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ದೇವರಲ್ಲ. ನೀಲಿ ಸಮುದ್ರ, ಬಿಳಿ ಮರಳು, ಅದರ ಮೇಲೆ ಕಾಲು ಚಾಚಿಕೊಂಡು ಮಲಗಿದ ನನ್ನ ಗೆಳತಿ ಶುಭಾ.

ಶುಭಾ ಮೈಸೂರಿನವಳು. ಗಂಡ, ಇಬ್ಬರು ಮಕ್ಕಳ ಜೊತೆ ಡಬ್ಲಿನ್ನಿನದೇ ಇನ್ನೊಂದು ತುದಿಯ ಡನ್ ಲಿಯರಿಯಲ್ಲಿದ್ದಾಳೆ. ಅಡುಗೆಮನೆಯ ಕಿಟಕಿಯಲ್ಲಿ ಕತ್ತು ಸ್ವಲ್ಪ ಓರೆ ಮಾಡಿದರೆ ಅವಳಿಗೆ ಸಮುದ್ರ ಕಾಣುತ್ತದೆ. ನಾನು ಕತ್ತು ಎಷ್ಟು ಓರೆ ಮಾಡಿದರೂ ಪಕ್ಕದ ಮನೆಯ ಕಸದ ಬಿನ್ನುಗಳೇ ಕಾಣುವುದು. ಸಮುದ್ರವಿದ್ದವರು ಇನ್ನೊಂದು ಸಮುದ್ರ ಹುಡುಕಿಕೊಂಡು ಯಾಕೆ ಹೋಗಬೇಕು ಎಂದು ನಿಮಗೂ ಅನ್ನಿಸಿರಬಹುದು. ನನಗೂ ಅನ್ನಿಸಿತು. ಕೊರೋನಾದ ಎರಡನೆಯ ಚಳಿಗಾಲ ಅದು. ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಎಲ್ಲರೂ ಮನೆಯೊಳಗೇ ಕುಳಿತು ಬೂಷ್ಟು ಹಿಡಿಯುತ್ತಿದ್ದ ಹೊತ್ತಿನಲ್ಲಿ ಅವಳು ಫೋನ್ ಮಾಡಿ, "ಕ್ರಿಸ್‌ಮಸ್ ರಜಕ್ಕೆ ಮೆಕ್ಸಿಕೋಗೆ ಹೋಗ್ತಿದೀವಿ ಕಣೆ. ಅಲ್ಲಿ ಈಗ ಒಳ್ಳೇ ಬಿಸಿಲಂತೆ" ಎಂದಳು.

"ಅಯ್ಯೋ, ತುಂಬಾ ಸಂತೋಷ!" ಎಂದೆ. ಫೋನಿನಲ್ಲಿ ಮುಖ ಕಾಣದಂತೆ ಮಾಡಿದವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಸಂಜೆ ಮನೆಯವರು ಕೆಲಸದಿಂದ ಬಂದು ಮಾಸ್ಕ್ ತೆಗೆಯುವುದಕ್ಕೂ ಬಿಡದೆ ಸುದ್ದಿ ಹೇಳಿದೆ. ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನ ಗೋದಾಮೊಂದರಲ್ಲಿ ಅವರು ಸೂಪರ್‌ವೈಸರ್. ಕ್ರಿಸ್‌ಮಸ್ ಎಂದರೆ ಅವರಿಗೆ ರಜೆಯಲ್ಲ, ಡಬಲ್ ಕೆಲಸ. "ಸಮುದ್ರ ನೋಡ್ಲಿಕ್ಕೆ ಮೆಕ್ಸಿಕೋಕ್ಕೆ ಯಾಕೆ ಮಾರಾಯ್ತಿ? ನಿನ್ನ ತವರುಮನೆ ಹಿಂದೆಯೇ ಉಂಟಲ್ಲ" ಎಂದರು.

"ಉಂಟು. ಅದನ್ನಾದ್ರೂ ತೋರಿಸಿ ಹಾಗಾದ್ರೆ."

ಅವರು ಕೈ ತೊಳೆಯಲು ಹೋದರು. ಆಗೆಲ್ಲ ಮಾತು ತಪ್ಪಿಸುವುದಕ್ಕೆ ಕೈ ತೊಳೆಯುವಷ್ಟು ಒಳ್ಳೆಯ ನೆಪ ಬೇರೆ ಇರಲಿಲ್ಲ.

ಹೊರಡುವ ಹಿಂದಿನ ದಿನ ಶುಭಾ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಕುಂಡ, ಕುಂಡದಲ್ಲಿ ಅವಳ ತುಳಸಿ. ಈ ತುಳಸಿಯ ಬಗ್ಗೆ ಹೇಳಲೇಬೇಕು. ಐರ್ಲೆಂಡಿನಲ್ಲಿ ತುಳಸಿ ಬೆಳೆಸುವುದೆಂದರೆ ಫ್ರಿಜ್ಜಿನೊಳಗೆ ದೋಸೆ ಹಿಟ್ಟು ಹುಳಿ ಬರಿಸಿದ ಹಾಗೆ. ನಮ್ಮ ಕನ್ನಡದ ಹೆಂಗಸರೆಲ್ಲ ಪ್ರತಿ ಬೇಸಿಗೆಯಲ್ಲಿ ಬೀಜ ಹಾಕುತ್ತೇವೆ, ಸಸಿ ಬಂದಾಗ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕುತ್ತೇವೆ, ದೀಪಾವಳಿಯ ಹೊತ್ತಿಗೆ ಕಡ್ಡಿ ಉಳಿಯುತ್ತದೆ. ತುಳಸಿ ಪೂಜೆಗೆ ಆ ಕಡ್ಡಿಗೇ ಕುಂಕುಮ ಹಚ್ಚಿ, ತಾಯಿ, ಮನ್ನಿಸು ಎನ್ನುತ್ತೇವೆ. ಶುಭಾಳ ತುಳಸಿ ಮಾತ್ರ ಅವಳಮ್ಮ ಕಳಿಸಿದ ಬೀಜದಿಂದ ಹುಟ್ಟಿ, ಎರಡು ಚಳಿಗಾಲ ದಾಟಿ, ಕದಿರು ಬಿಟ್ಟು ನಿಂತಿತ್ತು. ಅದರ ಎಲೆ ಪ್ರಸಾದವಾಗಿ ಸಿಕ್ಕರೆ ನಾವು ಜೋಪಾನವಾಗಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ತರುತ್ತಿದ್ದೆವು.

"ಬೇರೆ ಯಾರನ್ನೂ ನಂಬಲ್ಲ ಕಣೆ ನಾನು. ನಿನ್ ಕೈಲಿದ್ರೆ ದೇವರ ಮನೇಲಿದ್ದ ಹಾಗೆ" ಎಂದು ಕುಂಡವನ್ನು ನನ್ನ ಕೈಗಿಟ್ಟಳು. "ದಿನಾ ಒಂದು ಫೋಟೋ ಕಳಿಸು."

ಕುಂಡ ಕೈಗೆ ಬಂದ ಕೂಡಲೇ ಅದನ್ನು ಎದೆಗೆ ಅವಚಿ ಹಿಡಿದುಕೊಂಡೆ. ಯಾಕೆಂದರೆ ಹಿಂದಿನ ವಾರವಷ್ಟೇ ಗ್ರೂಪಿನ ಹೆಂಗಸರ ಜೊತೆ, "ಇಂಥ ಕಾಲದಲ್ಲಿ ಪ್ರವಾಸ ಹೋಗ್ತಾರಲ್ಲ, ಏನು ಧೈರ್ಯವಪ್ಪ" ಎಂದು ನಾನು ಹೇಳಿದ್ದೆ. ಹೇಳಿದ ದನಿ ಧೈರ್ಯವನ್ನು ಮೆಚ್ಚುವವರದ್ದಾಗಿರಲಿಲ್ಲ. ಈಗ ಈ ತುಳಸಿಗೆ ಹೆಚ್ಚುಕಮ್ಮಿಯಾದರೆ ಚಳಿಗೆ ಒಣಗಿತು ಎಂದು ಯಾರಾದರೂ ಅನ್ನುತ್ತಾರೆಯೇ? ಅವಳ ಹೊಟ್ಟೆಕಿಚ್ಚಿಗೆ ಒಣಗಿತು ಅನ್ನುತ್ತಾರೆ. ಗ್ರೂಪಿನಲ್ಲಿ ಬರೆಯುವುದಿಲ್ಲ, ಬಿಡಿಬಿಡಿಯಾಗಿ ಫೋನ್ ಮಾಡಿಕೊಂಡು ಹೇಳುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಅವರು ವಿಮಾನ ಹತ್ತಿದರು. ಬಿಸಿಲಿಗೆ ಹೋದವರು ಬಿಸಿಲು ಬೇಕಾದ ಗಿಡವನ್ನು ಬಿಸಿಲಿಲ್ಲದವರ ಮನೆಯಲ್ಲಿಟ್ಟು ಹೋದರು. ಮಾರನೆಯ ದಿನದಿಂದ ನಾನು ಇಲ್ಲಿಂದ ತುಳಸಿ ಕಳಿಸುವುದು, ಅವಳು ಅಲ್ಲಿಂದ ಸಮುದ್ರ ಕಳಿಸುವುದು ಶುರುವಾಯಿತು. ಮೊದಲ ದಿನದ ನನ್ನ ಫೋಟೋ ಚೆನ್ನಾಗಿ ಬಂದಿತ್ತು. ನಳನಳಿಸುವ ತುಳಸಿ, ಹಿಂದಿನ ಗಾಜಿನ ಮೇಲೆ ಮಳೆಹನಿ, ಅದರಾಚೆ ಮಸುಕಾಗಿ ಕಸ ಒಯ್ಯುವ ಬಿನ್ ಲಾರಿ. ಅವಳ ಉತ್ತರ: "ಇಲ್ಲಿ ಬಿಸಿಲು ತಡಿಯೋಕಾಗ್ತಿಲ್ಲ ಕಣೆ." ಅದನ್ನು ನಾನು ಎರಡು ಸ್ವೆಟರ್ ಹಾಕಿಕೊಂಡು ಓದಿದೆ.

ಸಮುದ್ರವನ್ನು ಸಹಿಸಿಕೊಂಡೆ. ಆವಕಾಡೊ ಹಣ್ಣು, ಮೆಕ್ಕೆಜೋಳದ ರೊಟ್ಟಿ, ಹುರುಳಿಯಂಥ ಕಾಳಿನ ಪಲ್ಯ, ಎಲ್ಲ ಸಹಿಸಿಕೊಂಡೆ. ನನ್ನನ್ನು ಕೆಡವಿದ್ದು ಎಳನೀರು. ಒಂದು ಬೆಳಿಗ್ಗೆ ಫೋನ್ ತೆರೆದರೆ ಇಡೀ ಸಂಸಾರ ತೆಂಗಿನ ಮರಗಳ ಕೆಳಗೆ ಸಾಲಾಗಿ ನಿಂತಿದೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಎಳನೀರು. ಕುಂದಾಪುರದ ಕಡೆ ತೆಂಗಿನ ಮರದ ಬುಡದಲ್ಲೇ ಆಡಿ ಬೆಳೆದವಳು ನಾನು. ಅಂಗಡಿಯಲ್ಲಿ ಒಣಗಿ ಗಲಗಲ ಎನ್ನುವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ದೇವರ ಮೇಲೆ ಭಾರ ಹಾಕಿ ಕೊಂಡು ತರುವವಳೂ ನಾನೇ. ಮೈಸೂರಿನವಳು ಎಳನೀರು ಕುಡಿಯುವುದು ನೋಡಿ ಹೊಟ್ಟೆಯಲ್ಲಿ ಚುರ್ರೆಂದದ್ದು ನನಗೇ ಕೇಳಿಸಿತು. ಫೋಟೋವನ್ನು ದೊಡ್ಡದು ಮಾಡಿ, ಎಳನೀರಿನ ಗಾತ್ರ ನೋಡಿ, ಮತ್ತೆ ದೊಡ್ಡದು ಮಾಡಿ ನೋಡಿದೆ.

ಆಮೇಲೆ ಹೆದರಿಕೆಯಾಯಿತು. ಇಷ್ಟು ಹೊತ್ತು, ಇಷ್ಟು ಆಸೆಯಿಂದ ನೋಡಿದರೆ ದೃಷ್ಟಿಯಾಗದೆ ಇರುತ್ತದೆಯೇ? ಪರದೇಶದಲ್ಲಿರುವ ಸಂಸಾರ, ಅದರಲ್ಲೂ ಎಲ್ಲಿ ನೋಡಿದರೂ ರೋಗ. ನನ್ನ ಕಣ್ಣು ತಾಗಿದ್ದನ್ನು ನಾನೇ ತೆಗೆಯಬೇಕು ಎಂದು ನಿಶ್ಚಯಿಸಿದೆ. ಊರಿನಲ್ಲಾದರೆ ಮೆಣಸು, ಸಾಸಿವೆ, ಉಪ್ಪು ನಿವಾಳಿಸಿ ಒಲೆಗೆ ಹಾಕುವುದು. ಇಲ್ಲಿ ಒಮ್ಮೆ ಹಾಗೆ ಮಾಡಿ ಸ್ಮೋಕ್ ಅಲಾರಂ ಹೊಡೆದುಕೊಂಡು, ಪಕ್ಕದ ಮನೆಯವರು ಡ್ರೆಸ್ಸಿಂಗ್ ಗೌನಿನಲ್ಲೇ ಓಡಿಬಂದಿದ್ದರು. ಅಂದಿನಿಂದ ನನ್ನದು ನೀರಿನ ಪದ್ಧತಿ. ಕಲ್ಲುಪ್ಪು ನಿವಾಳಿಸಿ ಚೊಂಬಿನ ನೀರಿಗೆ ಹಾಕುವುದು. ಉಪ್ಪು ಕರಗಿದ ಹಾಗೆ ದೃಷ್ಟಿಯೂ ಕರಗುತ್ತದೆ. ಆ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಿದರೆ ಮುಗಿಯಿತು.

ಫೋನನ್ನು ಟೇಬಲ್ಲಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು, ಶುಭಾ, ಅವಳ ಗಂಡ, ಮಕ್ಕಳು, ನಾಲ್ಕು ಎಳನೀರು ಎಲ್ಲಕ್ಕೂ ಸೇರಿಸಿ ನಿವಾಳಿಸಿದೆ. ನಡುವೆ ಸ್ಕ್ರೀನ್ ಆರಿಹೋಯಿತು, ಮತ್ತೆ ಹೊತ್ತಿಸಿ ಮೊದಲಿನಿಂದ ಮಾಡಿದೆ. ನಮ್ಮ ಎಂಟು ವರ್ಷದ ಮಗಳು ಅಮ್ಮು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ. "ಅಮ್ಮಾ, ಈಸ್ ದ ಫೋನ್ ಸಿಕ್?"

"ಫೋನಿಗಲ್ಲ ಪುಟ್ಟಿ, ಶುಭಾ ಆಂಟಿಗೆ."

"ಬಟ್ ಶೀ ಲುಕ್ಸ್ ಗ್ರ್ಯಾಂಡ್!"

ಗ್ರ್ಯಾಂಡ್ ಆಗಿ ಕಾಣುತ್ತಿರುವುದೇ ಸಮಸ್ಯೆ ಎಂದು ಮಗುವಿಗೆ ಹೇಗೆ ಹೇಳುವುದು? ಚೊಂಬು ಹಿಡಿದು ಹಿತ್ತಿಲ ಬಾಗಿಲು ತೆರೆದೆ. ಗಾಳಿ ಮಳೆ ಎರಡೂ ಒಟ್ಟಿಗೆ ಒಳಗೆ ನುಗ್ಗಿ ಬಾಗಿಲನ್ನು ನನ್ನ ಮೂಗಿಗೇ ಮುಚ್ಚಿದವು. ತಿರುಗಿದೆ. ಯಾರೂ ತುಳಿಯದ ಜಾಗ ಎಲ್ಲಿದೆ? ತವರಿನಲ್ಲಿ ಆರತಿಯ ನೀರನ್ನು ಅಮ್ಮ ಗಿಡದ ಬುಡಕ್ಕೇ ಹಾಕುತ್ತಿದ್ದದ್ದು. ಕಾಲು ತಾನಾಗಿ ಕಿಟಕಿಯ ಬಳಿ ಹೋಯಿತು, ಕೈ ತಾನಾಗಿ ಚೊಂಬನ್ನು ಬಗ್ಗಿಸಿತು. ಒಂದು ಮುಷ್ಟಿ ಕಲ್ಲುಪ್ಪು ಕರಗಿದ ನೀರು ತುಳಸಿಯ ಬುಡಕ್ಕೆ ಗುಳುಗುಳು ಇಳಿಯಿತು. ಮನಸ್ಸು ಹಗುರಾಯಿತು. ಒಲೆಯ ಮೇಲೆ ಸಾರು ಇಟ್ಟು, ಉಪ್ಪು ಹಾಕಲು ಡಬ್ಬಿಗೆ ಕೈ ಹಾಕಿದಾಗ ನನಗೆ ಗೊತ್ತಾಯಿತು, ನಾನು ಏನು ಮಾಡಿದೆ ಎಂದು.

ಮೇಲೆ ಮೇಲೆ ಒಳ್ಳೆಯ ನೀರು ಸುರಿದೆ. ಏನೂ ಪ್ರಯೋಜನವಾಗಲಿಲ್ಲ. ಎರಡು ದಿನದಲ್ಲಿ ಎಲೆಗಳು ಅಂಚಿನಿಂದ ಕಂದಿ ಜೋತುಬಿದ್ದವು. ಮನೆಯವರು ಬಗ್ಗಿ ನೋಡಿ, "ಉಪ್ಪು ಹಾಕಿ ಆಯ್ತಲ್ಲ. ಇನ್ನು ಹುಳಿ, ಖಾರ ಹಾಕಿದ್ರೆ ಸಾರೇ ಆಗ್ತದೆ" ಎಂದರು. ನಾನು ಅತ್ತುಬಿಟ್ಟೆ. ಆಗ ಅವರು ಕೋಟು ಹಾಕಿಕೊಂಡು ಹೋಗಿ ಒಂದು ಚೀಲ ಹೊಸ ಮಣ್ಣು ತಂದರು. ಇಬ್ಬರೂ ಸೇರಿ, ಬಾಣಂತಿ ಮನೆಯ ಮಗುವಿಗೆ ಎರೆದ ಹಾಗೆ, ಬೇರನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಹೊಸ ಮಣ್ಣಿನಲ್ಲಿ ನೆಟ್ಟೆವು. ಅದರ ಎಲೆಗಳೆಲ್ಲ ಉದುರಿದವು. ಉಳಿದದ್ದು ಎಲ್ಲರ ಮನೆಯಲ್ಲೂ ಉಳಿಯುವ ಕಡ್ಡಿ.

ಅತ್ತ ಶುಭಾಳ ಮೆಸೇಜು: "ಎಲ್ಲೇ ಇವತ್ತಿನ ಫೋಟೋ?" ಮೊದಲ ದಿನದ ಫೋಟೋವನ್ನೇ ಕಳಿಸಿದೆ. ಮಾರನೆಯ ದಿನವೂ ಅದನ್ನೇ. ಮಳೆಹನಿ ಇಲ್ಲಿ ದಿನಾ ಇರುವುದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬೆಳಿಗ್ಗೆ ದೇವರ ಮುಂದೆ ಕುಳಿತರೆ ಮಾತ್ರ ಕಣ್ಣು ಮುಚ್ಚಲು ಭಯ. ಹಿಂದಿರುಗಲು ಅವಳಿಗೆ ಉಳಿದಿದ್ದ ದಿನಗಳು ಕಡಿಮೆಯಾಗುತ್ತಿದ್ದವು, ಕಡ್ಡಿ ಕಡ್ಡಿಯಾಗಿಯೇ ಇತ್ತು.

ಆಗ ಬಂತು ಫೋನ್. ವಿಮಾನ ಹತ್ತುವ ಮುಂಚಿನ ಟೆಸ್ಟಿನಲ್ಲಿ ಅವಳ ಗಂಡನಿಗೆ ಪಾಸಿಟಿವ್. "ಸಣ್ಣ ಜ್ವರ ಅಷ್ಟೇ ಕಣೆ, ಹೆದರೋ ಥರ ಏನಿಲ್ಲ. ಆದ್ರೆ ನಾವೆಲ್ಲ ರೂಮಲ್ಲೇ ಇರ್ಬೇಕಂತೆ. ಬರೋದು ತಡ ಆಗತ್ತೆ. ತುಳಸಿ ಇನ್ನೂ ಸ್ವಲ್ಪ ದಿನ ನಿನ್ ಹತ್ರಾನೇ ಇರ್ಲಾ?"

"ಇರ್ಲಿ ಇರ್ಲಿ! ನಿಧಾನವಾಗಿ ಬಾ!" ಎಂದೆ. ನನ್ನ ದನಿಯಲ್ಲಿದ್ದ ಉತ್ಸಾಹ ಕೇಳಿ ನನಗೇ ನಾಚಿಕೆಯಾಯಿತು. ಒಬ್ಬರ ಗಂಡನಿಗೆ ಕಾಯಿಲೆ ಎಂದು ಕೇಳಿ ಹಾಗೆ ಉಸಿರು ಬಿಡುವವಳು ಎಂಥ ಹೆಂಗಸು? ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು, ಕ್ವಾರಂಟೈನ್ ಕೂಡ ಸಮುದ್ರದ ದಡದಲ್ಲೇ, ಪುಣ್ಯವಂತರು. ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅವರ ಜ್ವರ ಇಳಿಯಲಿ, ತುಳಸಿ ಚಿಗುರಲಿ ಎಂದು ಬೇಡಿಕೊಂಡೆ. ಯಾವುದನ್ನು ಮೊದಲು ಬೇಡಿಕೊಂಡೆ ಎಂದು ಮಾತ್ರ ಕೇಳಬೇಡಿ.

ಅಂದಿನಿಂದ ನಾನು ಕುಂಡ ಹೊತ್ತುಕೊಂಡು ಬೆಳಕಿನ ಹಿಂದೆ ತಿರುಗಿದೆ. ಬೆಳಿಗ್ಗೆ ಅಡುಗೆಮನೆಯ ಕಿಟಕಿ, ಮಧ್ಯಾಹ್ನ ಮುಂದಿನ ಕೋಣೆ, ಕತ್ತಲಾದರೆ ಬಾಯ್ಲರಿನ ಪಕ್ಕ, ಅಮ್ಮುವಿನ ಟೇಬಲ್ ಲ್ಯಾಂಪಿನ ಕೆಳಗೆ. ಮೋಡ ಸರಿದು ಬಿಸಿಲು ಒಂದು ಗಳಿಗೆ ಬಂದರೂ, ಕಲಸುತ್ತಿದ್ದ ಹಿಟ್ಟು ಬಿಟ್ಟು ಓಡಿ ಕುಂಡವನ್ನು ಅದರ ಮುಂದೆ ಹಿಡಿಯುತ್ತಿದ್ದೆ. ಒಂದು ಬೆಳಿಗ್ಗೆ ಕಡ್ಡಿಯ ಗೆಣ್ಣಿನಲ್ಲಿ ಎಳ್ಳಿನಷ್ಟು ಹಸಿರು ಕಾಣಿಸಿತು. ಮನೆಯವರನ್ನು ಕೂಗಿ ಕರೆದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಕುಂಡಕ್ಕೆ ಕೈಮುಗಿದರು. ದೇವರ ವಿಷಯದಲ್ಲಿ ಸುಲಭಕ್ಕೆ ಕೈಮುಗಿಯುವವರಲ್ಲ ಅವರು.

ಶುಭಾ ಕೊನೆಗೂ ಬಂದಳು. ಒಲೆಯಷ್ಟು ಬಿಸಿಲು ಕಂಡು ಬಂದವಳು ಕಪ್ಪಾಗಿರುತ್ತಾಳೆ ಎಂದುಕೊಂಡಿದ್ದೆ. ನನಗಿಂತ ಬಿಳಿಚಿಕೊಂಡಿದ್ದಳು. ಕುರ್ಚಿಯಲ್ಲಿ ಕುಸಿದು, ನಾನು ಬಡಿಸಿದ ಸಾರು ಅನ್ನ ಕಲಸುತ್ತ, "ಎಂಥಾ ಸಮುದ್ರ ಕಣೆ! ಕೊನೇಲಿ ಬೇರೆ ರೂಮಿಗೆ ಹಾಕಿದ್ರು. ಕಿಟಕಿ ತೆಗೆದ್ರೆ ಎದುರಿಗೊಂದು ಗೋಡೆ, ಅಡುಗೆಮನೆ ಎಣ್ಣೆ ಹೊಗೆ. ನೀನಿಲ್ಲಿ ಬಿಸಿ ಸಾರು ಅನ್ನ ತಿಂತಿದ್ದೀಯಲ್ಲ ಅಂತ ಹೊಟ್ಟೆ ಉರೀತಿತ್ತು ನಂಗೆ" ಎಂದಳು.

ನನ್ನನ್ನು ನೋಡಿಯೂ ಒಬ್ಬರಿಗೆ ಹೊಟ್ಟೆ ಉರಿಯಿತೇ! ಆ ಮಾತಿಗೇ ಇನ್ನೊಂದು ಸೌಟು ಸಾರು ಬಡಿಸಿದೆ. ಆಮೇಲೆ ತಡೆಯಲಾರದೆ ಕುಂಡ ತಂದು ಮುಂದಿಟ್ಟೆ. ಮೋಟು ಕಡ್ಡಿ, ಮೈತುಂಬ ಎಳೆ ಚಿಗುರು.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಏನಾಯ್ತು ಅಂತ ಈಗಲಾದ್ರೂ ಹೇಳ್ತೀಯಾ?"

"ನಿಂಗೆ ಗೊತ್ತಿತ್ತಾ?"

"ನಿಮ್ಮ ರೋಡಲ್ಲಿ ಬಿನ್ ಲಾರಿ ದಿನಾ ಬರತ್ತೇನೆ? ಎಲ್ಲಾ ಫೋಟೋಲೂ ನಿಂತಿತ್ತಲ್ಲ!"

ಭೂಮಿ ಬಾಯಿಬಿಡಲಿಲ್ಲ. ಎಲ್ಲ ಹೇಳಿದೆ. "ನಿಮ್ಮ ಮನೆಯವರಿಗೆಲ್ಲ ದೃಷ್ಟಿ ತೆಗೆದೆ ಕಣೆ. ಆ ಉಪ್ಪುನೀರು ಇದರ ಬುಡಕ್ಕೆ ಹೋಯ್ತು."

"ಯಾರ ದೃಷ್ಟಿ?"

"ನಂದೇ."

ಅವಳು ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ಕೇಳಿ ನಾವಿಬ್ಬರೂ ಹೆದರಿ ಮಾಸ್ಕಿಗೆ ಕೈ ಹಾಕಿದೆವು. "ಮುಂದಿನ ಸಲ ನಾವು ಹೊರಡೋಕೆ ಮುಂಚೇನೇ ತೆಗೆದುಬಿಡು. ನೀರು ಮಾತ್ರ ಸಿಂಕಿಗೆ ಹಾಕು" ಎಂದು ಕಣ್ಣೊರೆಸಿಕೊಂಡು, ತನ್ನ ತುಳಸಿಯನ್ನು ಮಗುವಿನಂತೆ ಎತ್ತಿಕೊಂಡು ಹೊರಟಳು. ಮುಂದಿನ ಸಲ ಅಂದಳಲ್ಲ, ಹೊಟ್ಟೆಯಲ್ಲಿ ಮತ್ತೆ ಸಣ್ಣಗೆ ಚುರ್ರೆಂದಿತು.

ಕಿಟಕಿಯ ಕಟ್ಟೆಯ ಮೇಲೆ ಕುಂಡವಿದ್ದ ಕಡೆ ಒಂದು ದುಂಡನೆಯ ಗುರುತು ಉಳಿದಿತ್ತು. ಒರೆಸಲು ಬಟ್ಟೆ ತಂದೆ. ಆಗಲೇ, ಎಷ್ಟೋ ದಿನದ ಮೇಲೆ, ಮೋಡ ಹರಿದು ಬಿಸಿಲು ಬಂತು. ಕುಂಡವಿಲ್ಲದ ಕೈ ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿತು. ಬಿಸಿಲು ಬಂದು ನನ್ನ ಮುಖದ ಮೇಲೆ, ಕತ್ತಿನ ಮೇಲೆ, ಒದ್ದೆ ಕೈಗಳ ಮೇಲೆ ಬಿತ್ತು. ಬೆಚ್ಚಗಿತ್ತು. ಸಮುದ್ರವಿಲ್ಲ, ಎಳನೀರಿಲ್ಲ, ಆದರೂ ಅದು ಪೂರ್ತಿ ನನ್ನೊಬ್ಬಳದೇ. ತಂದೆ, ಇಷ್ಟು ಕೊಟ್ಟೆಯಲ್ಲ ಎಂದು ಕಣ್ಣು ಮುಚ್ಚಿದೆ. ಮರುಕ್ಷಣ ಕಣ್ಣು ತೆರೆದರೆ ಎದುರು ಮನೆಯ ಹೆಂಗಸು ತನ್ನ ಕತ್ತಲು ಕೋಣೆಯ ಕಿಟಕಿಯಿಂದ ಇತ್ತಲೇ ನೋಡುತ್ತಿರುವುದು ಕಂಡಿತು. ಅವರ ಮನೆಯ ಕಡೆ ಬಿಸಿಲು ಬೀಳುವುದಿಲ್ಲ, ಪಾಪ. ಅವಳ ಕಣ್ಣು ಬೀಳುವುದು ಬೇಡವೆಂದು ಬೇಗನೆ ಪರದೆ ಎಳೆದೆ. ಬಿಸಿಲೂ ಅವಳ ಜೊತೆಗೇ ಹೊರಗುಳಿಯಿತು.