ಕೆಂಪು ದಾರದ ಹಾರ್ಡ್ ಡಿಸ್ಕು

ಹೊಳಲ್ಕೆರೆಯ ನಮ್ಮ ಬೀದಿಗೆ ಇತಿಹಾಸ ಅಂತ ಏನಾದರೂ ಇದ್ದರೆ ಅದು ನನ್ನ ಹೆಂಡತಿ ಮಮತಾಳ ಕೆಂಪು ದಾರದಿಂದ ಬಂದದ್ದು. ರಾಜರು ಕೋಟೆ ಕಟ್ಟಿದರು, ಕೋಟೆಗಳು ಜರಿದವು. ಮಮತಾ ದಾರ ಕಟ್ಟಿದಳು, ಕಟ್ಟಿದ್ದು ಇವತ್ತಿನವರೆಗೆ ಕಳೆದಿಲ್ಲ.

ಮತ್ತೋಡಿನ ಅವಳ ತವರಿನಲ್ಲಿ ಇನ್ನೂರು ಕುರಿ. ಒಂದೇ ರೂಪದ ಅವಳಿ ಮರಿ ಹುಟ್ಟಿದರೆ ಒಂದರ ಕೊರಳಿಗೆ ಕೆಂಪು ಉಣ್ಣೆಯ ದಾರ ಕಟ್ಟುವುದು ಆ ಮನೆಯ ಪದ್ಧತಿ. ಮದುವೆಯಾಗಿ ಬಂದವಳು ಕುರಿಗಳನ್ನು ಅಲ್ಲೇ ಬಿಟ್ಟಳು, ದಾರದ ಉಂಡೆಯನ್ನು ಜೊತೆಗೆ ತಂದಳು. ಕುಕ್ಕರಿನ ಸೀಟಿಗೆ, ಖಾಲಿ ಸಿಲಿಂಡರಿನ ಕಿವಿಗೆ, ನನ್ನ ಸ್ಕೂಟರಿನ ಹ್ಯಾಂಡಲಿಗೆ, ಎಲ್ಲಕ್ಕೂ ದಾರ. ಒಮ್ಮೆ ಹಿರಿಯೂರಿನ ಬಸ್ಸಿನಲ್ಲಿ ಛತ್ರಿ ಮರೆತು ಬಂದೆ. ಆ ಛತ್ರಿ ಹನ್ನೊಂದು ದಿನ ಹಿರಿಯೂರು, ಹೊಸದುರ್ಗ, ಚಿತ್ರದುರ್ಗಗಳಲ್ಲಿ ದಿಗ್ವಿಜಯ ಮಾಡಿ, ಹನ್ನೆರಡನೆಯ ದಿನ ಕಂಡಕ್ಟರನ ತೋಳೇರಿ ನಮ್ಮ ಬಾಗಿಲಿಗೆ ಬಂತು. “ಕೆಂಪು ದಾರ ಐತಲ್ಲ ಸಾರ್, ಮೇಷ್ಟ್ರ ಮನೇದೇ ಅಂತ ತಂದೆ” ಅಂದ. ಸಿರಿಗೆರೆಯ ಸಮಾರಂಭವೊಂದರಲ್ಲಿ ನಾಲ್ಕು ಸಾವಿರ ಜೊತೆ ಚಪ್ಪಲಿಗಳ ಸಾಗರದಿಂದ ಮಮತಾ ತನ್ನದನ್ನು ಅರ್ಧ ನಿಮಿಷದಲ್ಲಿ ಎತ್ತಿಕೊಂಡಳು. ನಾನು ಬರಿಗಾಲಲ್ಲಿ ಮನೆಗೆ ಬಂದೆ. (ನನ್ನ ಚಪ್ಪಲಿಗೆ ದಾರ ಬೇಡ ಅಂದಿದ್ದೆ. ಮೇಷ್ಟ್ರಿಗೆ ಒಂದು ಘನತೆ ಇರುತ್ತದೆ.)

ಇಂಥ ದಾರದ ಮೇಲೆ ನಾನು ಯುದ್ಧ ಸಾರಿದ್ದು ಒಂದು ಹಾರ್ಡ್ ಡಿಸ್ಕಿನ ವಿಷಯಕ್ಕೆ.

ನಮ್ಮ ಕಡೆಯ ಕುರಿ ಸಾಕುವವರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಸ್ಮರಣ ಸಂಚಿಕೆಗೆ ನನ್ನನ್ನು, ಅಂದರೆ ಹೈಸ್ಕೂಲು ಕನ್ನಡ ಮೇಷ್ಟ್ರು ತಿಪ್ಪೇರುದ್ರಪ್ಪನನ್ನು, ಸಂಪಾದಕನಾಗಿ ಮಾಡಿದರು. ಊರೂರು ಅಲೆದು ಹಳಬರ ಮಾತು ಬರೆದುಕೊಂಡು ಲ್ಯಾಪ್‌ಟಾಪಿಗೆ ತುಂಬಿಸಿದೆ. ಈ ಲ್ಯಾಪ್‌ಟಾಪಿಗೂ ವಯಸ್ಸಾಗಿತ್ತು. ಬ್ಯಾಟರಿ ಸತ್ತು ಎರಡು ವರ್ಷ, ಕರೆಂಟಿನ ಕೋಲು ಹಿಡಿಯದೆ ನಿಲ್ಲುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಲಕ್ಷ್ಮೀಕಾಂತ್ (ಸಂಚಿಕೆಯ ಪುಟ ಜೋಡಿಸುವವನೂ ಅವನೇ) ಅದರ ಎದೆ ಬಡಿತ ಕೇಳಿ ತಲೆ ಅಲ್ಲಾಡಿಸಿದ.

“ಸಾರ್, ಇದು ಯಾವಾಗ ಬೇಕಾದ್ರೂ ಕಣ್ಣು ಮುಚ್ಚಬೋದು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗಳ್ರಿ. ಲ್ಯಾಪ್‌ಟಾಪ್ ಒಳಗಿರೋದನ್ನೆಲ್ಲ ಹಂಗೇ ಅದ್ರಾಗೆ ಇಳಿಸಿ ಕೊಡ್ತೀನಿ. ನಾಳೆ ಇದು ಏಳ್ಲಿಲ್ಲ ಅಂದ್ರೆ ಡಿಸ್ಕ್ ಚುಚ್ಚಿ ಆನ್ ಮಾಡ್ರಿ, ಡಿಸ್ಕಿಂದಾನೇ ಎದ್ದು ಕುಂತ್ಕಂತದೆ.”

ನಾನು ಒಂದಲ್ಲ, ಎರಡು ಕೊಂಡೆ. ಒಂದು ನನಗೆ, ಲಕ್ಷ್ಮೀಕಾಂತ್ ಅಲ್ಲೇ ಎಲ್ಲವನ್ನೂ ಅದಕ್ಕೆ ಇಳಿಸಿಕೊಟ್ಟ. ಇನ್ನೊಂದು ಹೊಸದಾಗಿ ಮದುವೆಯಾದ ನನ್ನ ಬಾಮೈದ ಬೀರೇಶನಿಗೆ, ಮದುವೆಯ ವೀಡಿಯೋ ಇಟ್ಟುಕೊಳ್ಳಲು. ಎರಡೂ ಒಂದೇ ಕಂಪನಿ, ಒಂದೇ ಕಪ್ಪು, ಒಂದೇ ಅಂಗೈ ಅಗಲ. ಹೊರಡುವಾಗ ಲಕ್ಷ್ಮೀಕಾಂತ್ ಇನ್ನೂ ಎರಡು ಮಾತು ಹೇಳಿದ. ಡಿಸ್ಕನ್ನು ಸದಾ ಚುಚ್ಚಿ ಇಡಬೇಡಿ, ಇದು ಮೊದಲನೆಯದು. ಬ್ಯಾಕಪ್ಪನ್ನು ಲ್ಯಾಪ್‌ಟಾಪ್ ಇರುವ ಮನೆಯಲ್ಲೇ ಇಡಬೇಡಿ, ಬೇರೆ ಊರಲ್ಲಿದ್ದರೆ ಇನ್ನೂ ಕ್ಷೇಮ, ಇದು ಎರಡನೆಯದು. ಮೊದಲನೆಯದನ್ನು ಹೇಳುವಾಗ ನಾನು ಹೊಳಲ್ಕೆರೆ ಬಸ್ಸು ಬಂತೇ ಎಂದು ನೋಡುತ್ತಿದ್ದೆ.

ಮನೆಗೆ ಬಂದು ಎರಡೂ ಡಿಸ್ಕನ್ನು ಮೇಜಿನ ಮೇಲಿಟ್ಟೆ. ಮಮತಾ ಬಗ್ಗಿ ನೋಡಿದಳು. ಅವಳ ಕೈ ತಾನಾಗಿ ದಾರದ ಉಂಡೆಯ ಕಡೆ ಹೋಯಿತು.

“ರೀ, ನಿಮ್ದೂ ಬೀರೇಶಂದೂ ಒಂದೇ ಥರ ಅವೆ. ಒಂಚೂರು ದಾರ ಕಟ್ತೀನಿ.”

“ಏ, ಇದೇನು ಕುರಿಮರೀನಾ? ವಿಜ್ಞಾನ ಕಣೇ ಇದು, ವಿಜ್ಞಾನ! ಕೊರಳಿಗೆ ದಾರ ಕಟ್ಟಿದ್ರೆ ನೋಡಿದೋರು ಏನಂತಾರೆ?”

“ಮೇಷ್ಟ್ರ ಮನೇದು ಅಂತಾರೆ.”

“ನನ್ನ ಡಿಸ್ಕಿಗೆ ದಾರ ಕಟ್ಟಲ್ಲ ಅಂತ ಆಣೆ ಮಾಡು.”

“ಬೀರಪ್ಪನಾಣೆಗೂ ನಿಮ್ ಡಿಸ್ಕಿಗೆ ದಾರ ಕಟ್ಟಲ್ಲ. ಆಯ್ತಾ? ಊಟಕ್ಕೆ ಏಳ್ರಿ.”

ಹೀಗೆ ಮೊದಲ ಕಾಳಗದಲ್ಲಿ ಜಯ ನನ್ನದಾಯಿತು. ಬೀರೇಶ ಬಂದು ತನ್ನದನ್ನು ಮತ್ತೋಡಿಗೆ ಒಯ್ದ. ನನ್ನ ಡಿಸ್ಕನ್ನು ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿ, ಹನ್ನೆರಡು ದಿನ ಹಾಗೇ ಬಿಟ್ಟೆ. ಚುಚ್ಚಿಕೊಂಡಿದ್ದರೆ ಬ್ಯಾಕಪ್ಪು ತಾನೇ ತಾನಾಗಿ ಇಳಿಯುತ್ತಿರುತ್ತದೆ, ಹಸುವಿನ ಕೆಳಗೆ ಕರು ಬಿಟ್ಟ ಹಾಗೆ ಎಂಬುದು ನನ್ನ ನಂಬಿಕೆ.

ಆ ಹನ್ನೆರಡು ದಿನಗಳಲ್ಲೇ ನನ್ನ ಜೀವನದ ದೊಡ್ಡ ಕೆಲಸ ನಡೆಯಿತು. ಹೊರಕೆರೆದೇವಪುರದಲ್ಲಿ ಉಚ್ಚಂಗೆಮ್ಮ ಎಂಬ ತೊಂಬತ್ತರ ಅಜ್ಜಿ ಇದ್ದಾರೆ. ಬಣ್ಣ, ಕಿವಿ, ನಡಿಗೆ ನೋಡಿ ಕುರಿಗಳಿಗೆ ಇಡುತ್ತಿದ್ದ ಹಳೆಯ ಹೆಸರುಗಳು, ಒಟ್ಟು ನಲವತ್ತಮೂರು, ಈಗ ಅವರೊಬ್ಬರ ಬಾಯಲ್ಲೇ ಉಳಿದಿವೆ. ಕಾಡಿಗೆಗಣ್ಣಿ, ಬೂದುಬೆನ್ನಿ, ಮೊಂಡುಗಿವಿ, ಸಂಜೆಗೆಂಪಿ... ಮೊಬೈಲು ತೆಗೆದರೆ ಅಜ್ಜಿ ಕೋಲು ತೆಗೆದರು. “ನನ್ ದನಿ ಆ ಡಬ್ಬಿಗೆ ಹೋದ್ರೆ ನನ್ ತಾವ ಏನುಳಿತದೆ? ಬರ್ಕ. ಒಂದ್ಸಲ ಹೇಳ್ತೀನಿ, ಎರಡನೇ ಸಲ ಕೇಳ್ಬ್ಯಾಡ.” ಹಾಳೆಗಳಲ್ಲಿ ಬರೆದು ತಂದು, ಒಂದೊಂದು ಹೆಸರಿಗೂ ವಿವರಣೆ ಸೇರಿಸಿ, ಎಂಟು ಪುಟ ಟೈಪು ಮಾಡಿದೆ. ಬಿಡುಗಡೆಯ ದಿನ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಆ ಪುಟಗಳನ್ನು ಓದಿಸುವುದಾಗಿ ಮಾತೂ ಕೊಟ್ಟೆ.

ಕೈಬರಹದ ಹಾಳೆಗಳನ್ನು ಏನು ಮಾಡಿದೆ ಎಂದು ಕೇಳುತ್ತೀರಾ? ಬಚ್ಚಲ ಒಲೆಗೆ ಹಾಕಿ ಸ್ನಾನ ಮಾಡಿದೆ. ಕಾಗದದ ಯುಗ ಮುಗಿಯಿತು ಎಂದು ಘೋಷಣೆ ಬೇರೆ ಮಾಡಿದೆ.

ಸೋಮವಾರ ಮಧ್ಯಾಹ್ನ ಮೂರಕ್ಕೆ ಪುಟಗಳು ಲಕ್ಷ್ಮೀಕಾಂತನ ಕೈಸೇರಬೇಕಿತ್ತು. ಸಂಘದ ಅಧ್ಯಕ್ಷ ಚಿತ್ರಲಿಂಗಪ್ಪ ಮೊದಲೇ ಹೇಳಿಬಿಟ್ಟಿದ್ದರು: “ಮೂರು ಅಂದ್ರೆ ಮೂರು ಮೇಷ್ಟ್ರೇ. ಬರ್ಲಿಲ್ಲ ಅಂದ್ರೆ ಆ ಎಂಟು ಪುಟಕ್ಕೆ ಶುಭ ಕೋರೋರ ಫೋಟೋ ಹಾಕಿ ಮುಗಿಸ್ತೀವಿ.” (ಶುಭ ಕೋರುವವರಲ್ಲಿ ಮೊದಲ ಹೆಸರು ಅವರದೇ. ಫೋಟೋ ತೆಗೆಸಿಯೂ ಆಗಿತ್ತು.)

ಭಾನುವಾರ ಬೆಳಿಗ್ಗೆ ಮಮತಾ ಮತ್ತೋಡಿಗೆ ಹೊರಟಳು. ಮಾರನೆಯ ದಿನ ತವರಿನಲ್ಲಿ ಗಂಗೆಪೂಜೆ ಇತ್ತು. ಲಕ್ಷ್ಮೀಕಾಂತನ ಎರಡನೆಯ ಮಾತು ಆಗ ನೆನಪಾಯಿತು. ಬೇರೆ ಊರು! ಡಿಸ್ಕನ್ನು ಕಿತ್ತು ಅವಳ ಕೈಗಿಟ್ಟೆ. “ಇದು ಬ್ಯಾಕಪ್. ಅತ್ತೆ ಮನೇಲಿ ಭದ್ರವಾಗಿಡು. ಇಲ್ಲಿ ಭೂಕಂಪ ಆದ್ರೂ ಉಚ್ಚಂಗೆಮ್ಮ ಉಳೀಬೇಕು.”

“ಹೊಳಲ್ಕೆರೇಲಿ ಯಾವಾಗ್ರಿ ಭೂಕಂಪ ಆಗಿದ್ದು?” ಎಂದು ಅದನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದಳು.

ಭೂಕಂಪ ಸಂಜೆ ಐದಕ್ಕೆ ಆಯಿತು.

ಕೊನೆಯ ಸಲ ಕಣ್ಣಾಡಿಸೋಣ ಎಂದು ಲ್ಯಾಪ್‌ಟಾಪ್ ತೆರೆದರೆ ಉಚ್ಚಂಗೆಮ್ಮ ಇಲ್ಲ. ಎಂಟು ಪುಟಗಳ ಜಾಗದಲ್ಲಿ ಖಾಲಿ ಬಿಳುಪು. ಹೋದ ವಾರ ನಾನೇ ಅಳಿಸಿದ್ದ ಮೂರು ಕೆಟ್ಟ ಪದ್ಯಗಳು ಮಾತ್ರ ಎದ್ದು ಬಂದು ಹಲ್ಲು ಕಿಸಿಯುತ್ತಿದ್ದವು. ಅಳಿಸಿದ್ದು ಬಂದಿತ್ತು, ಬರೆದದ್ದು ಹೋಗಿತ್ತು. ಕ್ಯಾಲೆಂಡರ್ ನೋಡಿದೆ, ತಾರೀಖು ಸರಿಯಾಗಿತ್ತು. ಹೊರಕೆರೆದೇವಪುರಕ್ಕೆ ಹೋಗಿದ್ದೇ ಕನಸೋ ಎಂದು ಮೊಬೈಲು ನೋಡಿದೆ. ಅಜ್ಜಿಯ ಜಗುಲಿಯಲ್ಲಿ ಕೂತ ನನ್ನ ಫೋಟೋ ಇತ್ತು. ಜಗುಲಿ ಇದೆ, ನಾನಿದ್ದೇನೆ, ನಲವತ್ತಮೂರು ಕುರಿಗಳು ಎಲ್ಲಿ? ಲಕ್ಷ್ಮೀಕಾಂತನಿಗೆ ಫೋನು ಹಚ್ಚಿದೆ.

“ಸಾರ್, ಹನ್ನೆರಡು ದಿನಾನೂ ಡಿಸ್ಕ್ ಚುಚ್ಚೇ ಇಟ್ಟಿದ್ರಾ?”

“ಹೂಂ, ಬ್ಯಾಕಪ್ ಆಗ್ತಿರ್ಲಿ ಅಂತ.”

“ಅಯ್ಯೋ! ಚುಚ್ಚಿ ಆನ್ ಮಾಡಿದ್ರೆ ಡಿಸ್ಕಿಂದ ಏಳ್ತದೆ ಅಂದಿದ್ನಲ್ಲ ಸಾರ್. ನೀವು ಬರ್ದಿದ್ದೆಲ್ಲ ಡಿಸ್ಕಿಗೇ ಹೋಗೈತೆ. ಲ್ಯಾಪ್‌ಟಾಪು ಹನ್ನೆರಡು ದಿನದಿಂದ ಮಲಗೈತೆ.”

“ಮಲಗಿದ್ರೆ ನಾನು ಯಾವುದರ ಮುಂದೆ ಕೂತಿದ್ದೆ?”

“ಲ್ಯಾಪ್‌ಟಾಪ್ ಮುಂದೆ.”

“ಬರೆದದ್ದು?”

“ಡಿಸ್ಕ್ ಒಳಗೆ.”

“ಹಂಗಾದ್ರೆ ಬ್ಯಾಕಪ್ ಎಲ್ಲೈತಪ್ಪ?”

“ಬ್ಯಾಕಪ್ಪೇ ಇಲ್ಲ ಸಾರ್. ಆವಾಗ ಲ್ಯಾಪ್‌ಟಾಪ್ ಅಸಲು, ಡಿಸ್ಕ್ ನಕಲು. ಈವಾಗ ಡಿಸ್ಕೇ ಅಸಲು. ಲ್ಯಾಪ್‌ಟಾಪ್ ಅನ್ನೋದು ಹನ್ನೆರಡು ದಿನ ಹಳೇದಾಗಿರೋ ಅದರ ನಕಲು.”

ನಾನು ಫೋನಿಟ್ಟು ನೀರು ಕುಡಿದೆ. ನಕಲು ಅಸಲಾಗಿದೆ, ಅಸಲು ನಕಲಾಗಿದೆ, ಭದ್ರವಾಗಿರಲಿ ಎಂದು ಇದ್ದ ಒಂದೇ ಒಂದು ಪ್ರತಿಯನ್ನು ಬಸ್ಸು ಹತ್ತಿಸಿದ್ದೇನೆ ಎಂಬಷ್ಟು ಮಾತ್ರ ಅರ್ಥವಾಯಿತು. ಹೊಸದುರ್ಗದ ಕಡೆಯ ಬಸ್ಸು ಬೆಳಿಗ್ಗೆಯೇ.

ಸೋಮವಾರ ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆ ಮತ್ತೋಡು ಮುಟ್ಟಿದೆ. ಮನೆಯಲ್ಲಿ ಅತ್ತೆ ಗಿರಿಯಮ್ಮ ಒಬ್ಬರೇ ಹೋಳಿಗೆ ತಟ್ಟುತ್ತಿದ್ದರು. ಉಳಿದವರೆಲ್ಲ ಬಾವಿಯ ಹತ್ತಿರ. ಮಮತಾಳಿಗೆ ಫೋನು ಮಾಡಿದೆ, ಅದು ಅಡುಗೆಮನೆಯ ಗೂಡಿನಲ್ಲೇ ಹೊಡೆದುಕೊಂಡಿತು.

“ಯಾಕಪ್ಪ ತಿಪ್ಪೇರುದ್ರಪ್ಪ, ನಾಯಿ ಅಟ್ಟಿಸ್ಕಂಡು ಬಂದಂಗೆ ಬಂದಿ? ಕುಂತ್ಕ, ಹೋಳಿಗೆ ತಿನ್ನು.”

“ಅತ್ತೆ, ಮಮತಾ ತಂದ ಕಪ್ಪು ಡಬ್ಬಿ ಎಲ್ಲೈತೆ? ವಾಪಸ್ ಹೋಗೋ ಬಸ್ಸು ಹತ್ತು ನಿಮಿಷಕ್ಕೈತೆ.”

“ಟ್ರಂಕ್‌ನಾಗೆ ಕಂಬಳಿ ಸುತ್ತಿ ಮಲಗ್ಸವ್ಳೆ. ಬೀರೇಶಂದೂ ಅಲ್ಲೇ ಐತೆ. ಡಬ್ಬಿನೋ ಕೂಸೋ, ನಂಗೇನ್ ಗೊತ್ತು!”

ಟ್ರಂಕು ತೆರೆದು ಕಂಬಳಿ ಬಿಡಿಸಿದೆ. ಒಂದೇ ತಾಯಿಯ ಮಕ್ಕಳಂತೆ ಎರಡು ಕಪ್ಪು ಡಿಸ್ಕುಗಳು ಮಲಗಿದ್ದವು. ಚುಚ್ಚಿ ನೋಡೋಣವೆಂದರೆ ಊರಲ್ಲಿ ಕರೆಂಟಿಲ್ಲ, ನನ್ನ ಲ್ಯಾಪ್‌ಟಾಪಿಗೆ ಕೋಲಿಲ್ಲ. ಅಷ್ಟರಲ್ಲಿ ಕಣ್ಣಿಗೆ ಬಿತ್ತು ನೋಡಿ. ಒಂದು ಡಿಸ್ಕಿನ ವೈರಿಗೆ, ನೀಟಾಗಿ, ಎರಡು ಗಂಟು ಹಾಕಿ ಕಟ್ಟಿದ ಕೆಂಪು ದಾರ!

ನಾನು ಜೋರಾಗಿ ನಕ್ಕೆ. ಬೀರಪ್ಪನಾಣೆ ಮಾಡಿಯೂ ಕಟ್ಟಿದ್ದಾಳೆ! ಕೈ ಸುಮ್ಮನಿರಲು ಸಾಧ್ಯವೇ? ಹೆಂಡತಿ ಮಾತು ಮೀರಿದ್ದಕ್ಕೆ ಗಂಡ ದಾರವನ್ನು ಕಣ್ಣಿಗೊತ್ತಿಕೊಂಡು ಧನ್ಯನಾದದ್ದು ಜಗತ್ತಿನಲ್ಲಿ ಅದೇ ಮೊದಲಿರಬೇಕು. ದಾರದ ಡಿಸ್ಕನ್ನು ಜೇಬಿಗಿಳಿಸಿ, ಬಾಯಲ್ಲೊಂದು ಹೋಳಿಗೆ ಕಚ್ಚಿಕೊಂಡು ಓಡಿದೆ.

ಚಿತ್ರದುರ್ಗ ತಲುಪಿದಾಗ ಎರಡು ಗಂಟೆ. ಅಂಗಡಿಯಲ್ಲಿ ಚಿತ್ರಲಿಂಗಪ್ಪ ಫೋಟೋಗಳ ಕವರು ಹಿಡಿದು ಕೂತಿದ್ದರು. “ಕುಂತ್ಕಳ್ರಿ ಅಧ್ಯಕ್ಷರೇ, ಉಚ್ಚಂಗೆಮ್ಮ ಬರ್ತಿದ್ದಾರೆ” ಎಂದು ಗಂಭೀರವಾಗಿ ನುಡಿದು ಡಿಸ್ಕು ಚುಚ್ಚಿಸಿದೆ. ಲ್ಯಾಪ್‌ಟಾಪ್ ಎದ್ದಿತು. ಹಲ್ಲು ಕಿಸಿಯುವ ಅದೇ ಮೂರು ಪದ್ಯಗಳು. ಲಕ್ಷ್ಮೀಕಾಂತ್ ಗೊಣಗುತ್ತಾ ಡಿಸ್ಕಿನ ಒಳಗೆ ಇಣುಕಿ, ಅಲ್ಲಿದ್ದ ಒಂದೇ ಫೈಲನ್ನು ಒತ್ತಿದ.

ಪರದೆಯ ತುಂಬ ನಾನು. ಬೀರೇಶನ ಮದುವೆ, ಕೈಯಲ್ಲಿ ಮೈಕು, ವಧೂವರರಿಗೆ ನನ್ನ ಹಿತವಚನ. ಎದುರಿಗೆ ಮುನ್ನೂರು ಜನ. ಲಕ್ಷ್ಮೀಕಾಂತ್ ವೀಡಿಯೋ ಮುಂದಕ್ಕೆ ಎಳೆದ, ನೂರು ಜನ. ಇನ್ನೂ ಎಳೆದ, ಇಪ್ಪತ್ತು. ಇನ್ನೂ ಎಳೆದ, ವಧೂವರರೂ ಊಟಕ್ಕೆ ಎದ್ದುಹೋಗಿದ್ದರು. ಖಾಲಿ ಕುರ್ಚಿಗಳಿಗೆ ನಾನು ದಾಂಪತ್ಯ ಧರ್ಮ ಬೋಧಿಸುತ್ತಿದ್ದೆ, ಹಿಂದೆ ಒಂದು ಆಡು ಚಪ್ಪರದ ಮಾವಿನೆಲೆ ಮೇಯುತ್ತಿತ್ತು.

“ಮೇಷ್ಟ್ರೇ,” ಎಂದರು ಚಿತ್ರಲಿಂಗಪ್ಪ ಕಣ್ಣೊರೆಸಿಕೊಂಡು, “ಆಡು ಒಂದಾದ್ರೂ ಕೊನೇವರೆಗೂ ನಿಂತಿತ್ತಲ್ಲ.” ಆಮೇಲೆ ಗಡಿಯಾರ ನೋಡಿ ಫೋಟೋಗಳ ಕವರು ಬಿಚ್ಚಿದರು. ಮುಂದಿನ ಸಾಲಿನಲ್ಲಿ ಕೂತು, ತನ್ನ ಕುರಿಗಳ ಹೆಸರು ಯಾವಾಗ ಬರುತ್ತದೋ ಎಂದು ಕಾಯುವ ಅಜ್ಜಿಯ ಮುಖ ನನ್ನ ಕಣ್ಮುಂದೆ ಬಂತು. ಆ ಅಜ್ಜಿಗೆ ನಾನು ಚಿತ್ರಲಿಂಗಪ್ಪನವರ ಎಂಟು ಭಂಗಿಗಳನ್ನು ತೋರಿಸಬೇಕು.

ಎರಡು ಮುಕ್ಕಾಲಿಗೆ ಅಂಗಡಿಯ ಮುಂದೆ ಬೀರೇಶನ ಬೈಕು ನಿಂತಿತು. ಹಿಂದಿನಿಂದ ಮಮತಾ ಇಳಿದಳು, ಹಣೆಯಲ್ಲಿ ಗಂಗೆಪೂಜೆಯ ಅರಿಶಿನ, ಕೈಯಲ್ಲಿ ಸ್ಟೀಲಿನ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಪ್ಪು ಡಿಸ್ಕು.

“ಬಾವಿಯಿಂದ ಬಂದು ಟ್ರಂಕ್ ನೋಡಿದ್ರೆ ನಮ್ದು ಬಿಟ್ಟು ಬೀರೇಶಂದು ತಂದಿದೀರಿ. ಫೋನ್ ಮಾಡಿದ್ರೆ ನಿಮ್ದು ಸ್ವಿಚಾಫ್. ಮೂರಕ್ಕೆ ಇಲ್ಲಿ ಕೊಡ್ಬೇಕು ಅಂದಿದ್ರಲ್ಲ, ಬೈಕ್ ಹತ್ತಿದೆ. ತಗಳ್ರಿ.”

ಲಕ್ಷ್ಮೀಕಾಂತ್ ಚುಚ್ಚಿದ. ಲ್ಯಾಪ್‌ಟಾಪ್ ಈ ಸಲ ಸರಿಯಾದ ಮಗ್ಗುಲಿಂದ ಎದ್ದಿತು. ಕಾಡಿಗೆಗಣ್ಣಿ ಬಂದಳು, ಬೂದುಬೆನ್ನಿ ಬಂದಳು, ನಾನು ಬೆರಳಿಟ್ಟು ಎಣಿಸಿದೆ, ನಲವತ್ತಮೂರೂ ಹಟ್ಟಿಗೆ ಮರಳಿದ್ದವು. ಚಿತ್ರಲಿಂಗಪ್ಪ ತಮ್ಮ ಫೋಟೋಗಳನ್ನು ಒಂದೊಂದಾಗಿ ಕವರಿಗೆ ಹಾಕಿಕೊಂಡರು.

ಪ್ರಾಣ ಮರಳಿದ ಮೇಲೆ ನನಗೆ ಮಾತೂ ಮರಳಿತು. ಎಲ್ಲರೆದುರು ಎದ್ದು ನಿಂತೆ.

“ಮಮತಾ, ಇಪ್ಪತ್ತಾರು ವರ್ಷದಿಂದ ನಿನ್ನ ದಾರ ಒಂದೇ ಒಂದು ಸಲವೂ ಸುಳ್ಳು ಹೇಳಿಲ್ಲ. ಛತ್ರಿಯನ್ನ ಕರೆತಂದ ದಾರ ಅದು! ಇವತ್ತು ನಾನು ನನ್ನ ಬುದ್ಧಿ ಬಿಟ್ಟು ನಿನ್ನ ದಾರವನ್ನೇ ನಂಬಿದೆ. ಅದು ಯಾಕೆ ನನಗೆ ಮೋಸ ಮಾಡ್ತು? ಬೀರೇಶನ ಡಿಸ್ಕಿಗೆ ಯಾಕೆ ಕಟ್ಟಿದೆ?”

ಮಮತಾ ಸ್ಟೀಲ್ ಡಬ್ಬಿಯ ಮುಚ್ಚಳ ಹಾಕಿದಳು.

“ನಿಮ್ದಕ್ಕೆ ಕಟ್ಬ್ಯಾಡ ಅಂದ್ರಲ್ರಿ,” ಎಂದಳು. “ಅದಕ್ಕೇ ಇನ್ನೊಂದಕ್ಕೆ ಕಟ್ಟಿದೆ.”